ವಿದ್ಯುತ್ ಕಾರು ಕೊಳ್ಳಬೇಕೆ? ಗದಗ ಸೀಮೆಯ ಕುಟುಂಬಕ್ಕೊಂದು ಲೆಕ್ಕಾಚಾರ

ಗದಗ-ಬೆಟಗೇರಿ ಅವಳಿ ನಗರದಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಪಟ್ಟಣಗಳಲ್ಲಾಗಲಿ ಹೊಸ ಕಾರು ಕೊಳ್ಳಲು ಹೊರಟ ಕುಟುಂಬದ ಮುಂದೆ ಇಂದು ಒಂದು ಹೊಸ ಪ್ರಶ್ನೆ ಎದುರಾಗುತ್ತದೆ: ಪೆಟ್ರೋಲ್ ಕಾರೋ, ವಿದ್ಯುತ್ ಕಾರೋ? ಪೆಟ್ರೋಲ್ ದರ ಲೀಟರಿಗೆ ನೂರು ರೂಪಾಯಿ ದಾಟಿದ ಮೇಲೆ ಈ ಪ್ರಶ್ನೆಗೆ ಉತ್ತರ ಸುಲಭವೆಂದು ಹಲವರು ಭಾವಿಸಿದ್ದಾರೆ. ಆದರೆ ಉತ್ತರವನ್ನು ನಿರ್ಧರಿಸುವುದು ಪೆಟ್ರೋಲ್ ದರವೊಂದೇ ಅಲ್ಲ. ಆ ಮನೆಯ ಕಾರು ತಿಂಗಳಿಗೆ ಎಷ್ಟು ಓಡುತ್ತದೆ, ರಾತ್ರಿ ಎಲ್ಲಿ ನಿಲ್ಲುತ್ತದೆ, ಮನೆಯ ವಿದ್ಯುತ್ ಬಿಲ್ಲು ಈಗ ಎಷ್ಟು ಬರುತ್ತಿದೆ ಎಂಬ ಮೂರು ಸಂಗತಿಗಳೇ ಇಲ್ಲಿ ಮುಖ್ಯ.

ಹಿನ್ನೆಲೆ

ವಿದ್ಯುತ್ ಕಾರು ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಮೈನಿ ಸಮೂಹಕ್ಕೆ ಸೇರಿದ, ಚೇತನ್ ಮೈನಿ ಅವರು ರೂಪಿಸಿದ 'ರೇವಾ' ಪುಟ್ಟ ಕಾರು 2001ರಲ್ಲಿಯೇ ರಸ್ತೆಗಿಳಿದಿತ್ತು. ಸೀಸ-ಆಮ್ಲ ಬ್ಯಾಟರಿಯ ಆ ಕಾರು ಒಮ್ಮೆ ಚಾರ್ಜ್ ಮಾಡಿದರೆ 80 ಕಿ.ಮೀ. ಆಸುಪಾಸು ಓಡುತ್ತಿತ್ತು. ನಗರದೊಳಗಿನ ಓಡಾಟಕ್ಕೆ ಸಾಕಾಗಿದ್ದ ಅದು ಊರಿಂದೂರಿಗೆ ಹೋಗುವ ಕುಟುಂಬದ ಕಾರಾಗಲಿಲ್ಲ. 2010ರಲ್ಲಿ ಆ ಕಂಪನಿ ಮಹೀಂದ್ರ ಸಮೂಹದ ತೆಕ್ಕೆಗೆ ಬಂತು.

ಲಿಥಿಯಂ ಬ್ಯಾಟರಿ ಅಗ್ಗವಾದಂತೆ ಚಿತ್ರ ಬದಲಾಯಿತು. 2020ರ ಜನವರಿಯಲ್ಲಿ ಟಾಟಾ ನೆಕ್ಸಾನ್ ವಿದ್ಯುತ್ ಕಾರು, 2022ರಲ್ಲಿ ಟಿಯಾಗೊ, 2024ರ ಜನವರಿಯಲ್ಲಿ ಪಂಚ್, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಎಂ.ಜಿ. ವಿಂಡ್ಸರ್ ಮಾರುಕಟ್ಟೆಗೆ ಬಂದವು. ಮಧ್ಯಮ ವರ್ಗದ ಕುಟುಂಬ ವಿದ್ಯುತ್ ಕಾರಿನ ಬಗ್ಗೆ ಗಂಭೀರವಾಗಿ ಯೋಚಿಸತೊಡಗಿದ್ದು ಈ ಅವಧಿಯಲ್ಲಿಯೇ.

ಬೆಲೆ ಮತ್ತು ತೆರಿಗೆ

ವಿದ್ಯುತ್ ವಾಹನಗಳ ಮೇಲಿನ ಜಿ.ಎಸ್.ಟಿ. 2019ರ ಆಗಸ್ಟ್ 1ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಆದರೆ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಮೇಲಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿದು, ಅದರ ಮೇಲಿದ್ದ ಸೆಸ್ ಕೂಡ ರದ್ದಾಯಿತು. ಇದರಿಂದ ಪೆಟ್ರೋಲ್ ಕಾರು ಅಗ್ಗವಾಗಿ, ಎರಡರ ನಡುವಿನ ಬೆಲೆಯ ಅಂತರ ಮತ್ತೆ ಹಿಗ್ಗಿತು. ಈ ಬದಲಾವಣೆಗೆ ಮುಂಚೆ ಮಾಡಿದ ಹಳೆಯ ಲೆಕ್ಕಗಳನ್ನು ಈಗ ನಂಬುವಂತಿಲ್ಲ.

ಕೇಂದ್ರದ 'ಫೇಮ್' ಎರಡನೇ ಹಂತದ ಯೋಜನೆಯಲ್ಲಾಗಲಿ, 2024ರ ಅಕ್ಟೋಬರಿನಲ್ಲಿ ಆರಂಭವಾದ 'ಪಿ.ಎಂ. ಇ-ಡ್ರೈವ್' ಯೋಜನೆಯಲ್ಲಾಗಲಿ ಕುಟುಂಬದ ಸ್ವಂತ ಬಳಕೆಯ ಕಾರಿಗೆ ಸಹಾಯಧನವಿಲ್ಲ. ಸಾಲದ ಬಡ್ಡಿಯ ಮೇಲೆ 1.5 ಲಕ್ಷ ರೂ.ವರೆಗೆ ಆದಾಯ ತೆರಿಗೆ ವಿನಾಯಿತಿ ನೀಡುತ್ತಿದ್ದ 80ಇಇಬಿ ಕಲಂ 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ ಅನ್ವಯ.

ರಾಜ್ಯ ಸರ್ಕಾರ 2016ರಲ್ಲಿ ವಿದ್ಯುತ್ ವಾಹನಗಳಿಗೆ ರಸ್ತೆ ತೆರಿಗೆಯಿಂದ ವಿನಾಯಿತಿ ನೀಡಿತು. 2017ರಲ್ಲಿ ವಿದ್ಯುತ್ ವಾಹನ ನೀತಿಯನ್ನೇ ಪ್ರಕಟಿಸಿತು. 2024ರಲ್ಲಿ 25 ಲಕ್ಷ ರೂ. ಮೀರಿದ ವಿದ್ಯುತ್ ಕಾರುಗಳಿಗೆ ಶೇ. 10ರ ಜೀವಿತಾವಧಿ ತೆರಿಗೆ ವಿಧಿಸಲಾಯಿತು. ವಿನಾಯಿತಿ ಶಾಶ್ವತವಲ್ಲ ಎಂಬುದಕ್ಕೆ ಇದೇ ಸಾಕ್ಷಿ. ನೋಂದಣಿಯ ದಿನ ಜಾರಿಯಲ್ಲಿರುವ ದರ ಎಷ್ಟು ಎಂಬುದನ್ನು ಗದಗ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿದ ಬಳಿಕವೇ ಮುಂಗಡ ನೀಡುವುದು ಜಾಣತನ.

ಗೃಹಜ್ಯೋತಿಯ ಗೆರೆ

ವಿದ್ಯುತ್ ಕಾರಿನ ಜಾಹೀರಾತುಗಳಲ್ಲಿ ಕಾಣದ, ಆದರೆ ಕರ್ನಾಟಕದ ಕುಟುಂಬಕ್ಕೆ ನೇರವಾಗಿ ತಟ್ಟುವ ಸಂಗತಿಯೊಂದಿದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ ಮನೆಯ ಹಿಂದಿನ ಸರಾಸರಿ ಬಳಕೆಗೆ ಶೇ. 10ರಷ್ಟು ಸೇರಿಸಿ, ಗರಿಷ್ಠ 200 ಯೂನಿಟ್‌ವರೆಗೆ ವಿದ್ಯುತ್ ಉಚಿತವಾಗಿ ದೊರೆಯುತ್ತದೆ. ತನ್ನ ಪಾಲಿನ ಮಿತಿ ದಾಟಿದರೂ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ ಕಟ್ಟಬೇಕು. 200 ಯೂನಿಟ್ ದಾಟಿದರೆ ಆ ತಿಂಗಳ ಇಡೀ ಬಿಲ್ಲನ್ನು ಕಟ್ಟಬೇಕಾಗುತ್ತದೆ.

ಕಾರು ಮನೆಯ ಮೀಟರಿನಿಂದಲೇ ಚಾರ್ಜ್ ಆಗುವುದರಿಂದ ಅದರ ಬಳಕೆಯೂ ಈ ಲೆಕ್ಕಕ್ಕೆ ಸೇರುತ್ತದೆ. ತಿಂಗಳಿಗೆ 100 ಯೂನಿಟ್ ಬಳಸುತ್ತ ಶೂನ್ಯ ಬಿಲ್ಲು ಪಡೆಯುವ ಮನೆಯಲ್ಲಿ ಕಾರು 100 ಯೂನಿಟ್‌ಗಿಂತ ಹೆಚ್ಚು ಹೀರಿಕೊಂಡರೆ, ಅದುವರೆಗೆ ಉಚಿತವಾಗಿದ್ದ ದೀಪ, ಫ್ಯಾನು, ಮಿಕ್ಸರಿನ ವಿದ್ಯುತ್ತಿಗೂ ಬೆಲೆ ತೆರಬೇಕಾಗುತ್ತದೆ. ಆದ್ದರಿಂದ ಕಾರಿಗೆ ಪ್ರತ್ಯೇಕ ಮೀಟರ್ ಪಡೆಯಬಹುದೇ, ಅದಕ್ಕೆ ಯಾವ ದರ ಅನ್ವಯ ಎಂಬುದನ್ನು ಸ್ಥಳೀಯ ಹೆಸ್ಕಾಂ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳುವುದು ಒಳಿತು.

ಮೂರು ಮನೆಗಳ ಲೆಕ್ಕ

ಕೆಳಗಿನ ಲೆಕ್ಕ ಉದಾಹರಣೆಗಾಗಿ ಮಾತ್ರ. ಪೆಟ್ರೋಲ್ ಲೀಟರಿಗೆ 103 ರೂ., ಪೆಟ್ರೋಲ್ ಕಾರಿನ ಮೈಲೇಜು 16 ಕಿ.ಮೀ., ತೆರಿಗೆ ಮುಂತಾದವು ಸೇರಿ ವಿದ್ಯುತ್ ದರ ಯೂನಿಟ್‌ಗೆ 7 ರೂ., ಚಾರ್ಜಿಂಗ್ ನಷ್ಟ ಕಳೆದು ಒಂದು ಯೂನಿಟ್‌ಗೆ 6 ಕಿ.ಮೀ. ಓಟ ಎಂದು ಇಟ್ಟುಕೊಳ್ಳಲಾಗಿದೆ. ಮನೆಬಳಕೆ 100 ಯೂನಿಟ್, ನಿಗದಿತ ಶುಲ್ಕ ಸುಮಾರು 430 ರೂ., ಎರಡು ಕಾರುಗಳ ಬೆಲೆಯ ಅಂತರ 3 ಲಕ್ಷ ರೂ. ಎಂದು ಹಿಡಿಯಲಾಗಿದೆ.

ಮೊದಲನೆಯದು ಗದಗ ನಗರದ ಮನೆ. ಯಜಮಾನರು ಬೈಕಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಕಾರು ಹೊರಬರುವುದು ಮದುವೆ, ಜಾತ್ರೆ, ಸಂತೆಗೆ. ತಿಂಗಳಿಗೆ 300 ಕಿ.ಮೀ. ಓಡಿದರೆ ಪೆಟ್ರೋಲಿಗೆ ಸುಮಾರು 1,930 ರೂ. ಖರ್ಚು. ವಿದ್ಯುತ್ ಕಾರಾದರೆ 50 ಯೂನಿಟ್, ಅಂದರೆ 350 ರೂ. ಒಟ್ಟು ಬಳಕೆ 150 ಯೂನಿಟ್ ಆಗುವುದರಿಂದ ಗೃಹಜ್ಯೋತಿಗೆ ಧಕ್ಕೆಯಿಲ್ಲ. ಉಳಿತಾಯ ತಿಂಗಳಿಗೆ 1,580 ರೂ. ಆದರೆ ಹೆಚ್ಚುವರಿಯಾಗಿ ತೆತ್ತ 3 ಲಕ್ಷ ರೂ. ಮರಳಿ ಬರಲು ಸುಮಾರು 16 ವರ್ಷ ಬೇಕು!

ಎರಡನೆಯದು ತಿಂಗಳಿಗೆ 1,000 ಕಿ.ಮೀ. ಓಡುವ ಕಾರು. ಪೆಟ್ರೋಲಿಗೆ ಸುಮಾರು 6,440 ರೂ. ವಿದ್ಯುತ್ ಕಾರಿಗೆ 167 ಯೂನಿಟ್ ಬೇಕು. ಒಟ್ಟು ಬಳಕೆ 200ರ ಗೆರೆ ದಾಟುವುದರಿಂದ ಮನೆಬಳಕೆಯ ಬಿಲ್ಲು, ನಿಗದಿತ ಶುಲ್ಕ ಸೇರಿ ತಿಂಗಳ ಹೊರೆ ಸುಮಾರು 2,300 ರೂ. ಆಗುತ್ತದೆ. ಆದರೂ 4,140 ರೂ. ಉಳಿಯುತ್ತದೆ. ಅಂತರದ ಹಣ ಆರು ವರ್ಷದಲ್ಲಿ ಮರಳುತ್ತದೆ.

ಮೂರನೆಯದು ಲಕ್ಷ್ಮೇಶ್ವರದಿಂದ ಸುಮಾರು 40 ಕಿ.ಮೀ. ದೂರದ ಗದಗಕ್ಕೆ ತಿಂಗಳಲ್ಲಿ 25 ದಿನ ಹೋಗಿಬರುವ ನೌಕರರ ಕಾರು. ತಿಂಗಳಿಗೆ 2,000 ಕಿ.ಮೀ. ಓಟಕ್ಕೆ ಪೆಟ್ರೋಲ್ ವೆಚ್ಚ ಸುಮಾರು 12,900 ರೂ. ವಿದ್ಯುತ್ ಕಾರಾದರೆ ಮನೆಬಳಕೆಯ ಬಿಲ್ಲೂ ಸೇರಿ ಸುಮಾರು 3,500 ರೂ. ಮೂರು ವರ್ಷದೊಳಗೆ ಅಂತರದ ಹಣ ಕೈಸೇರುತ್ತದೆ.

ವಿದ್ಯುತ್ ಕಾರು ನಗರವಾಸಿಗಳಿಗೆ ಹೇಳಿ ಮಾಡಿಸಿದ್ದು, ಪಟ್ಟಣದವರಿಗಲ್ಲ ಎಂಬುದು ಸಾಮಾನ್ಯ ಅಭಿಪ್ರಾಯ. ಈ ಲೆಕ್ಕ ಅದನ್ನು ತಲೆಕೆಳಗು ಮಾಡುತ್ತದೆ. ಕಡಿಮೆ ಓಡಾಡುವ ಗದಗದ ಕುಟುಂಬಕ್ಕಿಂತ ರೈಲು ನಿಲ್ದಾಣವಿಲ್ಲದ ಲಕ್ಷ್ಮೇಶ್ವರ, ಮುಂಡರಗಿಗಳಿಂದ ದಿನವೂ ರಸ್ತೆ ಸವೆಸುವವರಿಗೇ ಲಾಭ ಹೆಚ್ಚು. ಅದೇ ದಾರಿಯಲ್ಲಿ ಸಾರಿಗೆ ಸಂಸ್ಥೆಯ ಬಸ್ಸೂ ಓಡುತ್ತದೆ, 2023ರ ಜೂನ್‌ನಿಂದ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾಗಿದೆ ಎಂಬುದನ್ನೂ ಮರೆಯಬಾರದು.

ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ?

ಮೇಲಿನ ಲೆಕ್ಕವೆಲ್ಲ ಮನೆಯಲ್ಲಿಯೇ ಚಾರ್ಜ್ ಮಾಡಿಕೊಳ್ಳುವವರಿಗೆ ಅನ್ವಯಿಸುವಂಥದು. ಬೆಟಗೇರಿಯ ನೇಕಾರರ ಓಣಿಗಳಲ್ಲಿ, ಗದಗದ ಹಳೆಯ ಬಡಾವಣೆಗಳಲ್ಲಿ ಕಾರು ನಿಲ್ಲುವುದು ಬೀದಿಯಲ್ಲಿ. ಬಾಗಿಲಿನಿಂದ ರಸ್ತೆಗೆ ತಂತಿ ಎಳೆದು ಚಾರ್ಜ್ ಮಾಡುವುದು ಅಪಾಯಕಾರಿ. ಸ್ವಂತ ಅಂಗಳವಾಗಲಿ ಶೆಡ್ ಆಗಲಿ ಇಲ್ಲದ ಮನೆಯವರು ಸದ್ಯಕ್ಕೆ ವಿದ್ಯುತ್ ಕಾರಿನ ವಿಚಾರ ಕೈಬಿಡುವುದೇ ಸೂಕ್ತ.

ಸಾರ್ವಜನಿಕ ಕೇಂದ್ರಗಳನ್ನೇ ನೆಚ್ಚಿಕೊಳ್ಳುವಂತಿಲ್ಲ. 2024ರ ಆರಂಭದಲ್ಲಿ ಕೇಂದ್ರದ ಇಂಧನ ದಕ್ಷತಾ ಬ್ಯೂರೋ ನೀಡಿದ ಅಂಕಿ ಅಂಶದಂತೆ ಕರ್ನಾಟಕದಲ್ಲಿ ಐದು ಸಾವಿರಕ್ಕೂ ಹೆಚ್ಚು ಚಾರ್ಜಿಂಗ್ ಕೇಂದ್ರಗಳಿದ್ದವು. ದೇಶದಲ್ಲಿ ರಾಜ್ಯಕ್ಕೆ ಮೊದಲ ಸ್ಥಾನ. ಆದರೆ ಅವುಗಳಲ್ಲಿ ಶೇ. 85ರಷ್ಟು ಇದ್ದದ್ದು ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ. ಜೊತೆಗೆ ಖಾಸಗಿ ವೇಗದ ಚಾರ್ಜಿಂಗ್ ಕೇಂದ್ರಗಳಲ್ಲಿ ಯೂನಿಟ್ ದರ ಮನೆಯ ದರದ ಎರಡು-ಮೂರು ಪಟ್ಟು ಇರುತ್ತದೆ. ಅಲ್ಲಿಯೇ ಸದಾ ಚಾರ್ಜ್ ಮಾಡಿದರೆ ಉಳಿತಾಯದ ದೊಡ್ಡ ಪಾಲು ಕರಗಿಹೋಗುತ್ತದೆ.

ಅಂಗಳವಿದ್ದವರಿಗೆ ವಿಶೇಷ ಯಂತ್ರವೇ ಬೇಕೆಂದಿಲ್ಲ. 16 ಆಂಪಿಯರಿನ ದಪ್ಪ ಪಿನ್ನಿನ ಸಾಕೆಟ್ಟಿನಿಂದ ಗಂಟೆಗೆ ಸುಮಾರು 3 ಯೂನಿಟ್ ತುಂಬಿಸಬಹುದು. ಲಕ್ಷ್ಮೇಶ್ವರ-ಗದಗ ನಡುವೆ ಹೋಗಿಬರಲು ಬೇಕಾಗುವ 14 ಯೂನಿಟ್‌ಗೆ ಐದು ಗಂಟೆ ಸಾಕು. ರಾತ್ರಿ ವಿದ್ಯುತ್ ಒಂದೆರಡು ತಾಸು ಕೈಕೊಟ್ಟರೂ ಬೆಳಗಿನೊಳಗೆ ಕಾರು ಸಿದ್ಧ. ಆದರೆ ಅರ್ಥಿಂಗ್ ಸರಿಯಿರಬೇಕು. ಇಲ್ಲದಿದ್ದರೆ ಎಷ್ಟೋ ಕಾರುಗಳು ಚಾರ್ಜ್ ಆಗಲು ಒಪ್ಪುವುದೇ ಇಲ್ಲ. ಕಾರು ಕೊಳ್ಳುವ ಮುನ್ನ ಅನುಭವಿ ಎಲೆಕ್ಟ್ರಿಷಿಯನ್‌ನಿಂದ ವೈರಿಂಗ್ ಪರೀಕ್ಷಿಸಿ, ಮಂಜೂರಾದ ಲೋಡ್ ಸಾಲದಿದ್ದರೆ ಹೆಸ್ಕಾಂಗೆ ಅರ್ಜಿ ಸಲ್ಲಿಸಬೇಕು. ತೋಟದ ಮನೆಯವರು ಪಂಪ್‌ಸೆಟ್ಟಿನ ಉಚಿತ ಸಂಪರ್ಕದಿಂದ ಕಾರು ಚಾರ್ಜ್ ಮಾಡುವುದು ನಿಯಮಬಾಹಿರ.

ಮನೆಯ ಮೇಲೆ ಸೌರ ಫಲಕ ಹಾಕಿಸುವವರಿಗೆ ಇನ್ನೊಂದು ದಾರಿಯಿದೆ. 2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್ ಘಟಕಕ್ಕೆ 78,000 ರೂ. ಸಹಾಯಧನವಿದೆ. ಬಿಸಿಲು ಧಾರಾಳವಾಗಿರುವ ಈ ಸೀಮೆಯಲ್ಲಿ ಅಂಥ ಘಟಕದಿಂದ ತಿಂಗಳಿಗೆ 300 ಯೂನಿಟ್ ಆಸುಪಾಸು ನಿರೀಕ್ಷಿಸಬಹುದು.

ಹುಬ್ಬಳ್ಳಿಯ ದಾರಿ

ಕಂಪನಿಗಳು ಘೋಷಿಸುವ ದೂರ ಪ್ರಯೋಗಾಲಯದ ಪರೀಕ್ಷೆಯದು. ರಸ್ತೆಯಲ್ಲಿ ದೊರೆಯುವುದು ಅದರ ಮೂರನೇ ಎರಡು ಭಾಗದಿಂದ ನಾಲ್ಕನೇ ಮೂರು ಭಾಗ. ಟಿಯಾಗೊದ 24 ಯೂನಿಟ್ ಬ್ಯಾಟರಿಗೆ ಆರಂಭದಲ್ಲಿ ಹೇಳಿದ್ದು 315 ಕಿ.ಮೀ.; ವಾಸ್ತವದಲ್ಲಿ 200 ಕಿ.ಮೀ. ಎಂದುಕೊಳ್ಳುವುದು ಕ್ಷೇಮ. ನಾಲ್ಕೈದು ಜನ ಕುಳಿತು, ಏಪ್ರಿಲ್ ಬಿಸಿಲಿನಲ್ಲಿ ಎ.ಸಿ. ಹಾಕಿದರೆ ಇನ್ನೂ ಕಡಿಮೆ.

ಇದನ್ನು ಮುಂಡರಗಿಯ ಕುಟುಂಬವೊಂದರ ಕಣ್ಣಿನಿಂದ ನೋಡಬೇಕು. ಅಲ್ಲಿಂದ ಗದಗಕ್ಕೆ ಸುಮಾರು 40 ಕಿ.ಮೀ., ಗದಗದಿಂದ ಹುಬ್ಬಳ್ಳಿಗೆ ಸುಮಾರು 60 ಕಿ.ಮೀ. ಮನೆಯಲ್ಲಿ ಹಿರಿಯರಿಗೆ ರಾತ್ರೋರಾತ್ರಿ ಎದೆನೋವು ಬಂದರೆ ಹುಬ್ಬಳ್ಳಿಯ ಆಸ್ಪತ್ರೆ ತಲುಪಲು 100 ಕಿ.ಮೀ., ಮರಳಲು ಇನ್ನೊಂದು 100 ಕಿ.ಮೀ. ಕಾರು ಅರ್ಧ ಚಾರ್ಜಿನಲ್ಲಿ ನಿಂತಿದ್ದರೆ ಸಣ್ಣ ಬ್ಯಾಟರಿಯ ಕಾರು ಹುಬ್ಬಳ್ಳಿ ಮುಟ್ಟುವುದೇ ಅನುಮಾನ. ಮನೆಯ ಏಕೈಕ ಕಾರು ಇದಾಗಿದ್ದಲ್ಲಿ 35ರಿಂದ 45 ಯೂನಿಟ್ ಸಾಮರ್ಥ್ಯದ ಬ್ಯಾಟರಿ ಆರಿಸಿಕೊಳ್ಳುವುದು, ದಿನವೂ ರಾತ್ರಿ ಚಾರ್ಜಿಗೆ ಹಾಕುವುದನ್ನು ರೂಢಿ ಮಾಡಿಕೊಳ್ಳುವುದು ಅಗತ್ಯ. ಹೆಚ್ಚಿನ ಬ್ಯಾಟರಿಗೆ ತೆರುವ ಹಣವನ್ನೂ ಆಗ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ನಾಲ್ಕುನೂರು ಕಿ.ಮೀ. ಮೀರಿದ ಬೆಂಗಳೂರಿನ ದಾರಿಗೆ ನಡುವೆ ಒಂದೆರಡು ಬಾರಿ ವೇಗದ ಚಾರ್ಜಿಂಗ್ ಅನಿವಾರ್ಯ. ವರ್ಷಕ್ಕೆ ಎರಡು ಬಾರಿ ಹೋಗುವವರಿಗೆ ಇದು ತೊಡಕಲ್ಲ. ತಿಂಗಳಿಗೆ ನಾಲ್ಕು ಬಾರಿ ಹೋಗುವವರಿಗೆ ತಾಪತ್ರಯವೇ ಸರಿ.

ಬ್ಯಾಟರಿ, ದುರಸ್ತಿ, ಮರುಮಾರಾಟ

ಹಲವು ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಇವೆರಡರಲ್ಲಿ ಯಾವುದು ಮೊದಲೋ ಅದುವರೆಗೆ ವಾರಂಟಿ ನೀಡುತ್ತವೆ. ತಿಂಗಳಿಗೆ 2,000 ಕಿ.ಮೀ. ಓಡುವ ಕಾರಿನ ವಾರಂಟಿ ಏಳು ವರ್ಷದೊಳಗೇ ಮುಗಿಯುತ್ತದೆ. ಆ ವೇಳೆಗೆ ಅಂತರದ ಹಣವೂ ಕೈಸೇರಿರುತ್ತದೆ. ತಿಂಗಳಿಗೆ 300 ಕಿ.ಮೀ. ಓಡುವ ಕಾರಿಗೆ ಎಂಟು ವರ್ಷ ತುಂಬಿದಾಗ ಹಣ ಅರ್ಧವಷ್ಟೇ ಮರಳಿರುತ್ತದೆ.

ಎಂಜಿನ್ ಆಯಿಲ್, ಕ್ಲಚ್ಚುಗಳ ಗೊಡವೆಯಿಲ್ಲದ ಕಾರಣ ಸರ್ವೀಸ್ ಖರ್ಚು ಕಡಿಮೆ. ಆದರೆ ಬ್ಯಾಟರಿ ಅಥವಾ ಮೋಟಾರಿನ ದೋಷವನ್ನು ಊರಿನ ಗ್ಯಾರೇಜಿನ ಮಿಸ್ತ್ರಿ ಸರಿಪಡಿಸಲಾರರು. ಅಂಥ ದುರಸ್ತಿ ಗದಗದಲ್ಲಿಯೇ ಆಗುತ್ತದೆಯೋ, ಕಾರನ್ನು ಹುಬ್ಬಳ್ಳಿಗೆ ಸಾಗಿಸಬೇಕೋ ಎಂಬುದನ್ನು ಮಾರಾಟಗಾರರಿಂದ ಬರವಣಿಗೆಯಲ್ಲಿ ಪಡೆಯಬೇಕು. ಹಳೆಯ ವಿದ್ಯುತ್ ಕಾರುಗಳ ಮಾರುಕಟ್ಟೆ ಇನ್ನೂ ಬೆಳೆಯಬೇಕಾಗಿದೆ. ಮೂರು ವರ್ಷಕ್ಕೊಮ್ಮೆ ಕಾರು ಬದಲಾಯಿಸುವ ಅಭ್ಯಾಸದವರಿಗೆ ಇದು ಕೂಡಿಬರದು.

ವಿಂಡ್ಸರ್ ಜೊತೆಗೆ 2024ರಲ್ಲಿ ಬಂದ ಬ್ಯಾಟರಿ ಬಾಡಿಗೆ ಪದ್ಧತಿಯಲ್ಲಿ ಕಾರಿನ ಬೆಲೆ ಇಳಿಯುತ್ತದೆ. ಆದರೆ ಆರಂಭದಲ್ಲಿ ಪ್ರಕಟವಾದ ಬಾಡಿಗೆ ಕಿ.ಮೀ.ಗೆ 3.50 ರೂ. ಇದಕ್ಕೆ ವಿದ್ಯುತ್ ಖರ್ಚು ಸೇರಿದರೆ ಕಿ.ಮೀ.ಗೆ ಸುಮಾರು 4.70 ರೂ. ಆಗುತ್ತದೆ, ಪೆಟ್ರೋಲಿಗೆ ಆಗುವುದು ಸುಮಾರು 6.40 ರೂ. ಕನಿಷ್ಠ ಕಿಲೋಮೀಟರಿನ ಷರತ್ತು ಇದೆಯೇ ಎಂದು ಕರಾರು ಓದಿಯೇ ಸಹಿ ಹಾಕಬೇಕು.

ಒಟ್ಟಾರೆ

ಸ್ವಂತ ಅಂಗಳ, ಸರಿಯಾದ ಅರ್ಥಿಂಗ್, ತಿಂಗಳಿಗೆ 1,000 ಕಿ.ಮೀ. ಮೀರಿದ ಖಚಿತ ಓಡಾಟ, ಕಾರನ್ನು ಏಳೆಂಟು ವರ್ಷ ಇಟ್ಟುಕೊಳ್ಳುವ ಮನಸ್ಸು - ಈ ನಾಲ್ಕೂ ಇದ್ದ ಕುಟುಂಬ ವಿದ್ಯುತ್ ಕಾರನ್ನು ನಿಶ್ಚಿಂತೆಯಿಂದ ಪರಿಶೀಲಿಸಬಹುದು. ಕಪ್ಪತಗುಡ್ಡದ ಸೀಮೆಯಲ್ಲಿ ತಿರುಗುವ ಗಾಳಿಯಂತ್ರಗಳನ್ನು ದಿನವೂ ನೋಡುವ ಜನರಿಗೆ ಹೊಗೆಯುಗುಳದ ಕಾರಿನ ಬಗ್ಗೆ ಒಲವು ಸಹಜ. ಆದರೆ ಬೀದಿಯಲ್ಲಿ ಕಾರು ನಿಲ್ಲಿಸುವವರು ಮತ್ತು ವಾರಕ್ಕೊಮ್ಮೆ ಮಾತ್ರ ಅದನ್ನು ಹೊರತೆಗೆಯುವವರು ಪೆಟ್ರೋಲ್ ಕಾರು ಕೊಂಡರೆ ನಷ್ಟವೇನಿಲ್ಲ. ಷೋರೂಂಗೆ ಹೋಗುವ ಮುನ್ನ ಕಳೆದ ಆರು ತಿಂಗಳ ಓಡಾಟದ ಲೆಕ್ಕವನ್ನೂ ಹೆಸ್ಕಾಂ ಬಿಲ್ಲುಗಳನ್ನೂ ಮುಂದಿಟ್ಟುಕೊಂಡು ಮನೆಮಂದಿಯೆಲ್ಲ ಒಂದು ಸಂಜೆ ಕುಳಿತರೆ, ತಮ್ಮ ಮನೆಗೆ ಯಾವುದು ತಕ್ಕದ್ದು ಎಂಬುದು ಅವರಿಗೇ ತಿಳಿಯುತ್ತದೆ.