ಹೊಗೆ ಕಾಯ್ದ ಮನೆ

ಕಳೆದ ಏಪ್ರಿಲ್‌ನಲ್ಲಿ ಬೆಂಗಳೂರಿನ ನಮ್ಮ ಫ್ಲ್ಯಾಟಿನ ಏಸಿ ಸದ್ದು ಮಾಡ್ತಿತ್ತು, ತಂಪು ಮಾಡ್ತಿರಲಿಲ್ಲ. ರಿಪೇರಿಗೆ ಬಂದ ಹುಡುಗ ಮುಚ್ಚಳ ತೆಗೆದು ಫಿಲ್ಟರ್ ಈಚೆಗೆಳೆದ. ಅದರ ಮೇಲೆ ಕಂಬಳಿ ಹೊದೆಸಿದ ಹಾಗೆ ಧೂಳು. "ಸರ್, ಯಾವಾಗ ತೊಳೆದಿದ್ರಿ ಇದನ್ನ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆಬ್ಬೆ ಕಡೆಯ ಅಜ್ಜನ ಮನೆ ನೆನಪಾಯಿತು. ಅಲ್ಲಿ ಮೇ ತಿಂಗಳು ಬಂತು ಅಂದರೆ ಅಜ್ಜ ಯಾರೂ ಹೇಳದೆ ಏಣಿ ಹುಡುಕುತ್ತಿದ್ದರು.

ಹೆಬ್ಬೆ ಅಂದರೆ ನಿಮಗೆ ಜಲಪಾತ ಗೊತ್ತಿರುತ್ತದೆ. ಕೆಮ್ಮಣ್ಣುಗುಂಡಿಗೆ ಹೋಗಿ, ಜೀಪು ಹತ್ತಿ, ಕಾಫಿ ತೋಟಗಳ ನಡುವೆ ಇಳಿದು ನೋಡುವ ಜಾಗ. ಕೆಮ್ಮಣ್ಣುಗುಂಡಿ ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆ ಬಿಡಾರವಾಗಿತ್ತು. ಅರಸರು ತಂಪು ಹುಡುಕಿಕೊಂಡು ಬರುತ್ತಿದ್ದ ಆ ಬೆಟ್ಟದ ಕೆಳಗೆ ನಮ್ಮವರ ತಲೆನೋವೇ ಬೇರೆ: ಥಂಡಿ. ಮಳೆಗಾಲದಲ್ಲಿ ಬಟ್ಟೆ ಒಣಗದು, ಬಾಗಿಲು ಉಬ್ಬಿ ಹಾಕಲು ಬಾರದು, ಉಪ್ಪು ನೀರಾಗುತ್ತದೆ, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ.

ಏಸಿ ಹುಟ್ಟಿದ್ದೂ ಇದೇ ಕಾಟದಿಂದ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ವಿಲ್ಲಿಸ್ ಕ್ಯಾರಿಯರ್ ಎಂಬ ಯುವ ಎಂಜಿನಿಯರ್ ತಣ್ಣೀರು ಹರಿಯುವ ಕೊಳವೆಗಳ ಮೇಲೆ ಗಾಳಿ ಹಾಯಿಸಿ ಅದರ ತೇವ ಇಳಿಸಿದ. ಜನಕ್ಕೆ ತಂಪಾಗಲಿ ಅಂತ ಮಾಡಿದ್ದಲ್ಲ, ಕಾಗದ ಒಣಗಿರಲಿ ಅಂತ ಮಾಡಿದ್ದು.

ನಮ್ಮ ಕಡೆ ಆ ಕೆಲಸವನ್ನು ಒಲೆ ಮತ್ತು ಮಾಡು ಸೇರಿ ಮಾಡುತ್ತಿದ್ದವು. ಮೊದಲು ಅಡಿಕೆ ಸೋಗೆಯ ಮಾಡು, ಆಮೇಲೆ ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಆ ಕೆಂಪು ಹಂಚು ಘಟ್ಟ ಹತ್ತಿ ಬಂತು. ಒಂದರ ಅಂಚು ಇನ್ನೊಂದಕ್ಕೆ ಕಚ್ಚಿ ಕೂರುತ್ತದೆ. ಮಳೆ ಒಳಗೆ ಬರುವುದಿಲ್ಲ, ಬಿಸಿ ಗಾಳಿ ಮಾತ್ರ ಸಂದಿನಿಂದ ಮೇಲೆ ಹೋಗುತ್ತದೆ. ಬೇಸಿಗೆಯಲ್ಲಿ ದಪ್ಪ ಮಣ್ಣಿನ ಗೋಡೆ, ಚಾಚಿದ ಸೂರು, ಎತ್ತರದ ಮಾಡು. ಮಳೆಗಾಲದಲ್ಲಿ ಅಡುಗೆ ಒಲೆ ಮತ್ತು ಬಚ್ಚಲ ಹಂಡೆ ಒಲೆ. ಆ ಬಿಸಿ ಅಟ್ಟದ ಅಡಿಕೆ ಒಣಗಿಸುತ್ತಿತ್ತು. ಹೊಗೆ ತೊಲೆ, ಪಕಾಸು, ರೀಪುಗಳಿಗೆ ಇಲ್ಲಣ ಹಿಡಿಸಿ ಹುಳ ಬಾರದಂತೆ ಕಾಯುತ್ತಿತ್ತು.

ಇದೆಲ್ಲ ತಾನಾಗಿ ನಡೆಯುತ್ತಿರಲಿಲ್ಲ. ವರ್ಷಕ್ಕೊಮ್ಮೆ ಹಂಚು ಕೈಯಾಡಿಸಬೇಕು: ಮಂಗ ಸರಿಸಿದ್ದನ್ನು ಕೂರಿಸಬೇಕು, ಒಡೆದದ್ದನ್ನು ಬದಲಿಸಬೇಕು, ಪಾಚಿ, ತರಗೆಲೆ ಗುಡಿಸಬೇಕು. ಒಂದು ಹಂಚು ಬಿಟ್ಟರೆ ಅದರ ಕೆಳಗಿನ ರೀಪು ಕೊಳೆಯಿತು ಅಂತಲೇ ಲೆಕ್ಕ. ಅದು ಅಜ್ಜನ ಪಾಲು. ದಿನವಿಡೀ ಬೆಂಕಿ ಆರದಂತೆ ನೋಡಿಕೊಳ್ಳುವುದು ಅಜ್ಜಿಯ ಪಾಲು. ಅಜ್ಜಿಗೆ ಕೆಮ್ಮು ಜಾಸ್ತಿಯಾದಾಗ ತರೀಕೆರೆಯ ಡಾಕ್ಟರು ಎಕ್ಸ್‌ರೇ ನೋಡಿ ಕೇಳಿದ್ದರು: "ಇವರು ಬೀಡಿ ಸೇದ್ತಾರಾ?"

ಹೊಗೆಯ ಲೆಕ್ಕ ಹಾಕಿದವರು ನಮ್ಮಲ್ಲೂ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಕಟ್ಟಿದರು. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ: ಸುತ್ತ ಮುಚ್ಚಿದ ಉರಿ, ಮೇಲೆ ಮೂರು ಪಾತ್ರೆ, ಹೊಗೆಗೆ ಹೊರಗೆ ದಾರಿ ತೋರುವ ಕೊಳವೆ. ಸೌದೆ ಕಡಿಮೆ, ಅಡುಗೆಮನೆಯಲ್ಲಿ ಉಸಿರಾಡಬಹುದು. ಆದರೆ ಇಂಥ ಒಲೆಯ ಕೊಳವೆಯಲ್ಲಿ ಇಲ್ಲಣ ಕಟ್ಟುತ್ತದೆ. ಆಗಾಗ ಬಡಿದು ತೆಗೆಯದಿದ್ದರೆ ಹೊಗೆ ವಾಪಸ್ಸು ಅಡುಗೆಮನೆಗೇ. ಅದೂ ಯಾರೋ ಒಬ್ಬರು ನೆನಪಿಟ್ಟು ಮಾಡಬೇಕಾದ ಕೆಲಸ.

ನಮ್ಮ ಮನೆಗೆ ನೇರ ಗ್ಯಾಸೇ ಬಂತು. ಅಜ್ಜಿಯ ಕೆಮ್ಮು ಇಳಿಯಿತು. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ತೊಲೆಯಿಂದ ಹಿಟ್ಟು ಉದುರತೊಡಗಿತು. ಕುಟ್ಟೆ ಹುಳ! ಮಾವ "ಒಲೆ ಮತ್ತೆ ಹೊತ್ತಿಸೋಣ, ಮನೆ ಉಳೀಬೇಕಲ್ಲ" ಅಂದರು. ಅಮ್ಮ ಒಪ್ಪಲಿಲ್ಲ. "ತೊಲೆ ಬದಲಾಯಿಸಬಹುದು. ಅಮ್ಮನ ಎದೆ ಬದಲಾಯಿಸೋಕಾಗುತ್ತಾ?"

ಹಳೇ ಮನೆಗಳು ಕರೆಂಟಿಲ್ಲದೆ ಬೆಚ್ಚಗೆ, ತಂಪಗೆ ಇರುತ್ತಿದ್ದವು ಅಂತ ನಾವು ಹೊಗಳುವಾಗ ಈ ಮಾತು ನೆನಪಿಡಬೇಕು. ಆ ಮನೆಯನ್ನು ಹೊಗೆ ಉಳಿಸಿತು, ನಿಜ. ಆ ಹೊಗೆ ಕುಡಿದವರು ಅಜ್ಜಿಯಂದಿರು. ಹೊಗಳಬೇಕಾದ್ದು ಒಲೆಯನ್ನಲ್ಲ, ಅಜ್ಜನ ಏಣಿಯನ್ನು. ಗಾಳಿಯ ದಾರಿ ಎಲ್ಲಿ ಕಟ್ಟಿದೆ ಅಂತ ವರ್ಷ ವರ್ಷ ಹತ್ತಿ ನೋಡುವ ಆ ಅಭ್ಯಾಸವನ್ನು.

ಆಮೇಲೆ ನಾವು ಹುಳ ಹಿಡಿದ ಎರಡು ತೊಲೆ ಬದಲಾಯಿಸಿದೆವು, ಉಳಿದವಕ್ಕೆ ಔಷಧಿ ಹೊಡೆಸಿದೆವು. ಮನೆಯಿಂದಾಚೆಗಿರುವ ಬಚ್ಚಲ ಒಲೆ ಮಾತ್ರ ಈಗಲೂ ಉರಿಯುತ್ತದೆ, ಚಿಮಣಿ ಸಮೇತ. ಫ್ಲ್ಯಾಟಿನಲ್ಲಿ ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆದು ನೆರಳಲ್ಲಿ ಒಣಗಿಸ್ತೀನಿ. ನೀರು ಇಳಿಯುವ ಪೈಪು ಕಟ್ಟಿದೆಯಾ, ಹೊರಗಿನ ಯೂನಿಟ್ಟಿಗೆ ಏನಾದರೂ ಅಡ್ಡ ಇದೆಯಾ ಅಂತ ನೋಡ್ತೀನಿ. 24 ಡಿಗ್ರಿಗಿಂತ ಕೆಳಗೆ ಇಳಿಸಲ್ಲ.

ಅಜ್ಜ ಅಜ್ಜಿ ಇಬ್ಬರೂ ಈಗಿಲ್ಲ. ಮೇ ಎರಡನೇ ಶನಿವಾರಕ್ಕೆ ಫೋನಿನಲ್ಲಿ ರಿಮೈಂಡರ್ ಹಾಕಿದ್ದೀನಿ. ಊರಿಗೆ ಹೋಗಿ ಹಂಚು ಕೈಯಾಡಿಸಬೇಕು. ಏಣಿಯ ಮೇಲಿನ ಎರಡು ಮೆಟ್ಟಿಲು ಸಡಿಲವಾಗಿವೆಯಂತೆ, ಮೊದಲು ಅದನ್ನು ಸರಿಮಾಡಬೇಕು.