ಅಜ್ಜಿ ಹಾಡಿದ್ದ ಮೂರನೇ ಸಿಡಿ

(1)

ಫೋಟೋದಲ್ಲಿರೋ ಈ ಮೂರು ಸಿಡಿ ನೋಡಿ. ಮೇಲೆ ನೀಲಿ ಬಾಲ್‌ಪೆನ್ನಲ್ಲಿ ನಮ್ಮ ಮಾವನ ಅಕ್ಷರ: ಮದುವೆ 1, ಮದುವೆ 2, ಮದುವೆ 3. ನಮ್ಮ ಚಿಕ್ಕಮ್ಮನ ಮದುವೆ, 2003ನೇ ಇಸವಿ, ತಿಪಟೂರಿನ ಒಂದು ಛತ್ರ. ನಾನಿನ್ನೂ ಹುಟ್ಟಿರ್ಲಿಲ್ಲ. ಮೂರನೇ ಸಿಡೀಲಿ ಆರತಿ ಹೊತ್ತಲ್ಲಿ ಅಜ್ಜಿ ಒಂದು ಹಾಡು ಹೇಳ್ತಾರೆ ಅಂತ ಅಮ್ಮ ಯಾವಾಗ್ಲೂ ಹೇಳ್ತಿದ್ರು. ಅಜ್ಜಿ ತೀರಿಕೊಂಡಾಗ ನಂಗೆ ಐದು ವರ್ಷ. ಮುಖ ನೆನಪಿದೆ, ದನಿ ನೆನಪಿಲ್ಲ. ಬೇರೆ ಎಲ್ಲೂ ರೆಕಾರ್ಡ್ ಇಲ್ಲ.

ಕಳೆದ ತಿಂಗಳು ಬೀರು ಕ್ಲೀನ್ ಮಾಡ್ವಾಗ ಸಿಕ್ತು. ನಮ್ಮ ಲ್ಯಾಪ್‌ಟಾಪಲ್ಲಿ ಸಿಡಿ ಹಾಕೋ ಜಾಗವೇ ಇಲ್ಲ, ಪಕ್ಕದ ಮನೆಯಿಂದ ಹಳೇ ಕಂಪ್ಯೂಟರ್ ಕೇಳ್ಕೊಂಡು ಬಂದೆ. ಒಂದು, ಎರಡು ಚೆನ್ನಾಗೇ ಓಡಿದ್ವು. ಮೂರನೇದು 22ನೇ ನಿಮಿಷಕ್ಕೆ ಗರ್ ಗರ್ ಅಂತ ಸದ್ದು ಮಾಡಿ, ಪರದೆ ಮೇಲೆ ಹಸಿರು ಚೌಕ ಚೌಕ ಮೂಡಿಸಿ, ನಿಂತೇಹೋಯ್ತು. ಅಜ್ಜಿ ಆರತಿ ತಟ್ಟೆ ಕೈಗೆ ತಗೊಂಡಿದ್ರು ಅಷ್ಟೆ.

ಯಾಕೆ ಹೀಗಾಯ್ತು ಅಂತ ಹುಡುಕ್ತಾ ಹೋದೆ. ಹಿಸ್ಟರಿ ಸ್ಟೂಡೆಂಟು, ಶಾಸನ ಓದೋದು ಕಲೀತಿದೀನಿ, ಮನೇಲಿರೋ ಇಪ್ಪತ್ತೆರಡು ವರ್ಷದ ಸಿಡಿ ಓದೋಕೆ ಬರಲ್ಲ ಅಂದ್ರೆ ಹೇಗೆ? ಆ ಹುಡುಕಾಟವೇ ಈ ಸೀರೀಸ್. ಸ್ವಲ್ಪ ಉದ್ದ ಇದೆ, ತಾಳ್ಮೆ ಇರ್ಲಿ.

(2)

ಮೊದಲು ಒಂದು ವಿಷಯ. ಇದು ಮಾಮೂಲಿ ಡೇಟಾ ಸಿಡಿ ಅಲ್ಲ, ವಿಸಿಡಿ. ಫಿಲಿಪ್ಸ್, ಸೋನಿ, ಮತ್ಸುಶಿಟ, ಜೆವಿಸಿ ಕಂಪನಿಗಳು ಸೇರಿ 1993ರಲ್ಲಿ ಮಾಡಿದ ಸ್ಟ್ಯಾಂಡರ್ಡ್ ಇದು. ಅಮೆರಿಕದಲ್ಲಿ ಇದನ್ನ ಕೇಳೋರೇ ಇರ್ಲಿಲ್ಲ. ಅಲ್ಲಿ ಜನ ವಿಎಚ್‌ಎಸ್ ಕ್ಯಾಸೆಟ್ಟಿಂದ ಸೀದಾ ಡಿವಿಡಿಗೆ ಹೋದ್ರು. ವಿಸಿಡಿ ಗೆದ್ದಿದ್ದು ನಮ್ಮ ಏಷ್ಯಾದಲ್ಲಿ. ಚೀನಾದ ಹೆಫೇಯಿ ಊರಿನ ವಾನ್‌ಯಾನ್ ಅನ್ನೋ ಕಂಪನಿ 1993ರಲ್ಲೇ ಪ್ಲೇಯರ್ ಮಾಡ್ತು. ಒಳಗಿದ್ದದ್ದು ಅಮೆರಿಕದ ಸಿ-ಕ್ಯೂಬ್ ಚಿಪ್ಪು. ಆಮೇಲೆ ಅಲ್ಲಿ ಬೇರೆ ಬೇರೆ ಫ್ಯಾಕ್ಟರಿಗಳು ಅದೇ ಥರದ್ದು ಮಾಡೋಕೆ ಶುರು ಮಾಡಿದ್ವು, ರೇಟು ಇಳೀತು, ತೊಂಬತ್ತರ ದಶಕದ ಕೊನೆ ಹೊತ್ತಿಗೆ ನಮ್ಮೂರ ಟಿವಿ ಸ್ಟ್ಯಾಂಡ್ ಮೇಲೂ ಒಂದು ಬಂದು ಕೂತ್ಕೊಳ್ತು.

ಕ್ಯಾಸೆಟ್ಟಿಗೆ ನಮ್ಮ ಹವೆ ಆಗ್ತಿರ್ಲಿಲ್ಲ. ಮಲೆನಾಡು, ಕರಾವಳಿ ಕಡೆಯವರನ್ನ ಕೇಳಿ, ಎರಡು ಮಳೆಗಾಲ ಕಳೆದ್ರೆ ಟೇಪಿಗೆ ಬಿಳೀ ಬೂಷ್ಟು. ಅದನ್ನ ವಿಸಿಆರ್‌ಗೆ ಹಾಕಿದ್ರೆ ಹೆಡ್ಡೂ ಕೆಡ್ತಿತ್ತು. ಸಿಡಿಗೆ ಬೂಷ್ಟು ಬರಲ್ಲ, ತೊಳೆದು ಒರೆಸಬಹುದು, ಅದಕ್ಕೇ ಜನ ನಂಬಿದ್ರು. ಮಾವನೂ ಹಂಗೇ ನಂಬಿದ್ದು. ಮದುವೆ ವಿಡಿಯೋದವರು ಕೊಟ್ಟಿದ್ದು ಒಂದೇ ಒಂದು ವಿಎಚ್‌ಎಸ್ ಕ್ಯಾಸೆಟ್. ಅದು ಹಾಳಾಗೋದ್ರೊಳಗೆ ಸಿಡಿಗೆ ಹಾಕ್ಬಿಡೋಣ, ಎಲ್ಲರ ಮನೆಗೂ ಒಂದೊಂದು ಸೆಟ್ ಕೊಡೋಣ ಅಂತ ಅವರ ಆಸೆ.

(3)

ಮಾವನ ಹತ್ರ ಫೋನಲ್ಲಿ ಕೇಳಿದೆ, "ಮಾವ, ಹೆಂಗೆ ಮಾಡಿದ್ರಿ ಇದನ್ನ?"

"ಅಯ್ಯೋ, ಅದೊಂದು ಯಜ್ಞ ಕಣೇ" ಅಂದ್ರು.

ಸೆಲೆರಾನ್ ಕಂಪ್ಯೂಟರ್, 128 ಎಂಬಿ ರ‍್ಯಾಮ್, 40 ಜಿಬಿ ಹಾರ್ಡ್‌ಡಿಸ್ಕ್. ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋಗಿ ಒಂದು ಟಿವಿ ಟ್ಯೂನರ್ ಕಾರ್ಡು, ಒಂದು ಸಿಡಿ ರೈಟರ್ ತಂದಿದ್ರು. ವಿಸಿಆರ್‌ನ ವೈರು ಟ್ಯೂನರ್ ಕಾರ್ಡಿಗೆ ಚುಚ್ಚಿ ಕ್ಯಾಸೆಟ್ ಓಡಿಸೋದು, ಅದು ಓಡಿದಷ್ಟೂ ಹೊತ್ತು ಕಂಪ್ಯೂಟರ್ ರೆಕಾರ್ಡ್ ಮಾಡ್ಕೊಳ್ತಾ ಇರ್ಬೇಕು. ಎರಡೂವರೆ ಗಂಟೆ ಮದುವೆ ಅಂದ್ರೆ ಎರಡೂವರೆ ಗಂಟೆ ಕಾಯೋದೇ. ಇದು ಸುಲಭದ ಭಾಗ.

ಕಷ್ಟ ಇದ್ದದ್ದು ಆಮೇಲೆ. ಆ ಫೈಲು ಕಂಪ್ಯೂಟರಲ್ಲಿ ಓಡ್ತಿತ್ತು, ಆದ್ರೆ ಅಜ್ಜಿ ಮನೆ ಟಿವಿ ಪಕ್ಕದ ಪ್ಲೇಯರ್‌ನಲ್ಲಿ ಓಡ್ತಿರ್ಲಿಲ್ಲ. ಪ್ಲೇಯರ್‌ಗೆ ಗೊತ್ತಿದ್ದದ್ದು ಒಂದೇ ಭಾಷೆ: ಎಂಪೆಗ್-1, ನಮ್ಮ ಪಾಲ್ ಟಿವಿ ಲೆಕ್ಕದಲ್ಲಿ 352×288 ಚುಕ್ಕೆ, ಸೆಕೆಂಡಿಗೆ 25 ಚಿತ್ರ, ವಿಡಿಯೋಗೆ 1150 ಕಿಲೋಬಿಟ್, ಆಡಿಯೋಗೆ 224. ಒಂದಂಕಿ ಹೆಚ್ಚುಕಮ್ಮಿ ಆದ್ರೂ ಕೆಲವು ಪ್ಲೇಯರ್‌ಗಳು ಡಿಸ್ಕನ್ನ ಹೊರಗೆ ತಳ್ತಿದ್ವು. ಈ ಅಂಕಿ ಸುಮ್ನೆ ಬಂದಿದ್ದಲ್ಲ. ಆಡಿಯೋ ಸಿಡಿ ತಿರುಗೋ ವೇಗದಲ್ಲಿ ಸೆಕೆಂಡಿಗೆ ಎಷ್ಟು ಮಾಹಿತಿ ಬರುತ್ತೋ, ಅಷ್ಟರೊಳಗೆ ಸಿನಿಮಾನ ತುರುಕಬೇಕಿತ್ತು. ಹಾಡಿಗೆ ಅಂತ ಮಾಡಿದ ಚಕ್ರದಲ್ಲಿ ಚಿತ್ರ ಓಡಿಸಿದ ಉಪಾಯ ಇದು.

ಹಂಗಾಗಿ ಫೈಲನ್ನ ಮತ್ತೆ ಬೇಯಿಸ್ಬೇಕು, ಅಂದ್ರೆ ಎನ್‌ಕೋಡ್. ಮಾವ ಬಳಸಿದ್ದು ಟಿಎಂಪೆಗ್‌ಎಂಕ್ ಅನ್ನೋ ಸಾಫ್ಟ್‌ವೇರ್. ಜಪಾನಿನ ಹಿರೋಯುಕಿ ಹೋರಿ ಬರೆದಿದ್ದು. ರಾತ್ರಿ ಊಟ ಮಾಡಿ ಒತ್ತಿ ಮಲಗಿದ್ರೆ ಬೆಳಗ್ಗೆ ಎದ್ದಾಗ ಒಂದು ಸಿಡಿಯಷ್ಟು ಆಗಿರ್ತಿತ್ತಂತೆ. ಕರೆಂಟ್ ಹೋಗ್ದೇ ಇದ್ರೆ! ಬೇಸಿಗೆ ಲೋಡ್ ಶೆಡ್ಡಿಂಗ್ ದಿನಗಳು, ಯುಪಿಎಸ್ ಕೀಂಯ್ ಕೀಂಯ್ ಅಂದು ಹತ್ತು ನಿಮಿಷಕ್ಕೆ ಕೈ ಕೊಡ್ತಿತ್ತು. ಎರಡನೇ ಸಿಡಿಯ ಫೈಲನ್ನ ನಾಲ್ಕು ರಾತ್ರಿ ಮಾಡಿದ್ರಂತೆ.

ಕೊನೇಲಿ ನೀರೋ. ನೀರೋ ಬರ್ನಿಂಗ್ ರೋಮ್. ಜರ್ಮನಿಯವರ ಸಾಫ್ಟ್‌ವೇರ್, ಆಗ ಸಿಡಿ ರೈಟರ್ ಇದ್ದ ಕಂಪ್ಯೂಟರಲ್ಲೆಲ್ಲ ಇದು ಇರ್ತಿತ್ತು. ಹೆಸರಿನ ತಮಾಷೆ ಇಂಗ್ಲಿಷಲ್ಲಿ ಸ್ಪೆಲಿಂಗ್ ನೋಡಿದ್ರೆ ಗೊತ್ತಾಗೋದು, ಕನ್ನಡದಲ್ಲಿ ಬರೆದ್ರೆ ಸಿಡಿ-ರೋಮ್‌ನ ರೋಮೂ ಒಂದೇ, ಇಟಲಿಯ ರೋಮೂ ಒಂದೇ. ಐಕಾನಲ್ಲಿ ಉರೀತಿರೋ ಕೊಲೊಸಿಯಂ ಇತ್ತು. ನಮ್ಮ ಕ್ಲಾಸಿನವರಿಗೆ ಒಂದು ಪ್ರಶ್ನೆ, ಇದರಲ್ಲೇನು ತಪ್ಪು? ರೋಮ್ ಹೊತ್ತಿ ಉರಿದಿದ್ದು ಕ್ರಿ.ಶ. 64ರಲ್ಲಿ, ನೀರೋ ಸತ್ತಿದ್ದು 68ರಲ್ಲಿ. ಕೊಲೊಸಿಯಂ ಕಟ್ಟೋಕೆ ಶುರು ಮಾಡಿದ್ದೇ ಆಮೇಲೆ, ವೆಸ್ಪೇಸಿಯನ್ ಕಾಲದಲ್ಲಿ. ಇಲ್ದೇ ಇರೋ ಕಟ್ಟಡಕ್ಕೆ ಬೆಂಕಿ ಹಚ್ಚಿದಾರೆ.

(4)

ಇಂಗ್ಲಿಷಲ್ಲಿ ಸಿಡಿನ ಸುಡ್ತಾರೆ. ನಮ್ಮಲ್ಲಿ ಯಾರೂ ಸುಡ್ತಿರ್ಲಿಲ್ಲ, "ರೈಟ್ ಮಾಡು" ಅಂತಿದ್ರು, ಇಲ್ಲಾ "ಸಿಡಿ ಹೊಡ್ಕೊಡು" ಅಂತಿದ್ರು. ನಿಜವಾಗಿ ಅಲ್ಲಿ ನಡೆಯೋದು ಮಾತ್ರ ಸುಡೋದೇ.

ಅಂಗಡೀಲಿ ಕೊಳ್ಳೋ ಸಿನಿಮಾ ಸಿಡೀನ ಫ್ಯಾಕ್ಟರೀಲಿ ಅಚ್ಚು ಒತ್ತಿ ಮಾಡ್ತಾರೆ. ಪ್ಲಾಸ್ಟಿಕ್ಕಲ್ಲೇ ನಿಜವಾದ ಸಣ್ಣ ಸಣ್ಣ ಗುಳಿಗಳಿರ್ತವೆ. ಮನೇಲಿ ಬರೆಯೋ ಸಿಡಿ-ಆರ್‌ನಲ್ಲಿ ಗುಳಿ ಇಲ್ಲ, ಬಣ್ಣದ ಒಂದು ತೆಳು ಪದರ ಇದೆ. ರೈಟರ್‌ನ ಲೇಸರ್ ಆ ಬಣ್ಣವನ್ನ ಕಾಯಿಸಿ ಕಲೆ ಮಾಡುತ್ತೆ. ಓದೋ ಲೇಸರ್‌ಗೆ ಆ ಕಲೆ ಗುಳಿ ಥರಾನೇ ಕಾಣುತ್ತೆ. ಜಪಾನಿನ ತೈಯೋ ಯುಡೆನ್ ಕಂಪನಿ 1988ರಲ್ಲಿ ಇದನ್ನ ಮಾಡಿ ತೋರಿಸ್ತು. ಹಳೇ ಪ್ಲೇಯರ್‌ಗಳಿಗೂ ಮೋಸ ಹೋಗುವಷ್ಟು ಚೆನ್ನಾಗಿತ್ತು, ಅದಕ್ಕೇ ಗೆದ್ದಿತು. ಅಳಿಸಿ ಬರೆಯೋ ಸಿಡಿ-ಆರ್‌ಡಬ್ಲ್ಯೂ ಬೆಳಕನ್ನ ತುಂಬಾ ಕಮ್ಮಿ ವಾಪಸ್ ಕೊಡ್ತಿತ್ತು, ಅದನ್ನ ಎಷ್ಟೋ ಹಳೇ ಪ್ಲೇಯರ್‌ಗಳು ಮುಟ್ಟುತ್ಲೇ ಇರ್ಲಿಲ್ಲ.

ಶುರುವಿನಲ್ಲಿ ಬರೀತಾ ಇರೋವಾಗ ಕಂಪ್ಯೂಟರ್ ಒಂದು ಕ್ಷಣ ತಡವರಿಸಿದ್ರೂ ಸಿಡಿ ಹಾಳು. ಮಾಹಿತಿ ಬರೋದು ನಿಂತ್ರೂ ಡಿಸ್ಕ್ ತಿರುಗ್ತಾನೇ ಇರುತ್ತೆ. 2000ರಲ್ಲಿ ಸ್ಯಾನ್ಯೋದವರು ಬರ್ನ್-ಪ್ರೂಫ್ ತಂದ್ಮೇಲೆ ನಿಂತ ಜಾಗದಿಂದ ಮುಂದುವರಿಸೋಕೆ ಬಂತು. ಮಾವನ ರೈಟರಲ್ಲೂ ಅಂಥದ್ದು ಇತ್ತು. ಆದ್ರೂ ಭಯ ಹೋಗಿರ್ಲಿಲ್ಲ, ರೈಟ್ ಆಗ್ವಾಗ ಯಾರೂ ಮೌಸ್ ಮುಟ್ಟಂಗಿಲ್ಲ, ಅತ್ತೆ ಮಿಕ್ಸಿ ಹಾಕಂಗಿಲ್ಲ. ಕೆಟ್ಟ ಸಿಡಿಗಳೆಲ್ಲ ತೋಟದಲ್ಲಿ ದಾರಕ್ಕೆ ಕಟ್ಟಿ ನೇತುಹಾಕಿದ್ವು, ಹಕ್ಕಿ ಓಡ್ಸೋಕೆ. ಅವು ಚೆನ್ನಾಗೇ ಕೆಲಸ ಮಾಡಿದ್ವಂತೆ.

ಇದೇ ಯಂತ್ರದಲ್ಲಿ ಊರೆಲ್ಲ ಹೊಸ ಸಿನಿಮಾಗಳ ಕಳ್ಳ ಕಾಪಿ ಹೊಡೀತಿದ್ರು ಅನ್ನೋದನ್ನೂ ಮುಚ್ಚಿಡಬಾರ್ದು. ನಮ್ಮ ರಾಜ್ಯದ ಗೂಂಡಾ ಕಾಯ್ದೆ ಇದೆಯಲ್ಲ, 1985ರದ್ದು, ಅದರ ಪೂರ್ತಿ ಹೆಸರಲ್ಲಿ ಕಳ್ಳಬಟ್ಟಿಯವರು, ಜೂಜುಕೋರರ ಜೊತೆ ವಿಡಿಯೋ-ಆಡಿಯೋ ಪೈರೇಟ್‌ಗಳೂ ಇದಾರೆ. ಮಾವ ಅದನ್ನ ಮಾಡಿಲ್ಲ ಅಂತಾರೆ. ನಾನು ಜಾಸ್ತಿ ಕೇಳೋಕೆ ಹೋಗ್ಲಿಲ್ಲ.

(5)

ಈಗ ನಮ್ಮ ಮೂರನೇ ಸಿಡಿಗೆ ಬರೋಣ. ಯಾಕೆ ಸತ್ತಿತು? ನಂಗೆ ಸಿಕ್ಕಿದ್ದು ಮೂರು ಕಾರಣ, ಮೂರೂ ಒಟ್ಟಿಗೆ ಸೇರಿರಬೇಕು.

ನಾವೆಲ್ಲ ಸಿಡಿಯ ಹೊಳೆಯೋ ಕಡೆಯನ್ನ ಕಣ್ಣಲ್ಲಿ ಕಣ್ಣಿಟ್ಟು ಕಾಯ್ತೀವಿ. ಅಲ್ಲಿ ಒಂದು ಮಿಲಿಮೀಟರಿಗೂ ಹೆಚ್ಚು ದಪ್ಪದ ಪ್ಲಾಸ್ಟಿಕ್ ಇದೆ, ಸಣ್ಣ ಗೀಚು ಬಿದ್ರೆ ಏನೂ ಆಗಲ್ಲ. ಬಣ್ಣ, ಕನ್ನಡಿ ಪದರ ಎರಡೂ ಇರೋದು ಮೇಲ್ಗಡೆ, ಹೆಸರು ಬರೀತೀವಲ್ಲ ಅಲ್ಲಿ, ಒಂದು ತೆಳು ವಾರ್ನಿಷ್ ಕೆಳಗೆ. ಮಾವ "ಮದುವೆ 3" ಅಂತ ಬಾಲ್‌ಪೆನ್ನಲ್ಲಿ ಒತ್ತಿ ಬರೆದಿದಾರೆ. ಡಿಸ್ಕನ್ನ ಬೆಳಕಿಗೆ ಹಿಡಿದ್ರೆ "ವೆ" ಇರೋ ಜಾಗದಲ್ಲಿ ಸೂಜಿಮೊನೆಯಷ್ಟು ಬೆಳಕು ಆಚೆ ಬರುತ್ತೆ. (ಎರಡನೇ ಫೋಟೋ, ಜೂಮ್ ಮಾಡಿ.) ಡಿವಿಡೀಲಿ ಈ ಪದರ ಎರಡು ಪ್ಲಾಸ್ಟಿಕ್ ತಟ್ಟೆ ನಡುವೆ ಇರುತ್ತೆ, ಅದಕ್ಕೆ ಈ ಕಾಟ ಕಮ್ಮಿ.

ಇನ್ನೊಂದು, ಬಣ್ಣ ಮಾಸುತ್ತೆ. ಬಿಸಿಲು, ಸೆಕೆ, ತೇವ ಮೂರೂ ಆಗಲ್ಲ ಅದಕ್ಕೆ. ಎಲ್ಲ ಬಣ್ಣವೂ ಒಂದೇ ಅಲ್ಲ: ಸಯನಿನ್ ಅನ್ನೋದು ಬೆಳಕಿಗೆ ಬೇಗ ಸೋಲುತ್ತೆ, ಥಾಲೋಸಯನಿನ್ ಹೆಚ್ಚು ತಡೆಯುತ್ತೆ. ಕೊಳ್ಳೋರಿಗೆ ಇದೆಲ್ಲ ಎಲ್ಲಿ ಗೊತ್ತಿತ್ತು? ಕಮ್ಮಿ ರೇಟಿಗೆ ಸಿಕ್ಕಿದ್ದು ತಂದ್ರು.

ಮೂರನೇದು ನಂಗೇ ಆಶ್ಚರ್ಯ ಆಗಿದ್ದು. 700 ಎಂಬಿ ಸಿಡೀಲಿ ವಿಸಿಡಿ ಮಾಡಿದ್ರೆ ಸುಮಾರು 800 ಎಂಬಿ ವಿಡಿಯೋ ಹಿಡಿಯುತ್ತೆ. ಹೆಂಗೆ? ಸಿಡೀಲಿ ಮಾಹಿತಿ ಸಣ್ಣ ಸಣ್ಣ ತುಂಡಾಗಿ ಕೂತಿರುತ್ತೆ, ಅದಕ್ಕೆ ಸೆಕ್ಟರ್ ಅಂತಾರೆ. ಡೇಟಾ ಸಿಡಿಯ ಒಂದು ಸೆಕ್ಟರಲ್ಲಿ ನಮ್ಮ ಮಾಹಿತಿ 2048 ಬೈಟ್. ಉಳಿದ ಜಾಗದ ಬಹುಪಾಲು ತಪ್ಪಾದ್ರೆ ತಿದ್ದಿಕೊಳ್ಳೋಕೆ ಬೇಕಾದ ಲೆಕ್ಕಕ್ಕೆ. ವಿಸಿಡಿಯವರು ಆ ಲೆಕ್ಕವನ್ನ ಕಿತ್ತುಹಾಕಿ ಅಲ್ಲೂ ವಿಡಿಯೋ ತುಂಬಿದ್ರು, 2324 ಬೈಟ್. ಚಿತ್ರದಲ್ಲಿ ಒಂದು ಕಲೆ ಬಂದ್ರೆ ಕಣ್ಣು ಸಹಿಸ್ಕೊಳ್ಳುತ್ತೆ ಅಂತ. ಎಲ್ಲ ಸಿಡಿಯಲ್ಲೂ ಇರೋ ಮೊದಲ ಹಂತದ ತಿದ್ದುವಿಕೆ ಉಳಿದಿತ್ತು, ಎರಡನೇದು ಹೋಯ್ತು. ಅಂದ್ರೆ ಆಫೀಸಿನ ಲೆಕ್ಕಪತ್ರದ ಫೈಲಿಗಿಂತ ನಮ್ಮಜ್ಜಿ ಹಾಡಿಗೆ ಕಾವಲು ಕಮ್ಮಿ.

ಇಡೀ ಕಥೆಯಲ್ಲಿ ನಂಗೆ ಕಾಣೋದು ಒಂದೇ: ಎಲ್ಲವನ್ನೂ ಟಿವೀಲಿ ಓಡಿಸೋಕೆ ಅಂತ ಮಾಡಿದ್ರು, ಇಡೋಕೆ ಅಂತ ಯಾರೂ ಮಾಡ್ಲಿಲ್ಲ. ಓಡಿತು ಅಂದ ತಕ್ಷಣ ದೊಡ್ಡ ಫೈಲನ್ನ ಅಳಿಸಿದ್ರು, 40 ಜಿಬೀಲಿ ಜಾಗ ಎಲ್ಲಿ? ಕ್ಯಾಸೆಟ್ಟಿಗೆ ಬೂಷ್ಟು ಬಂತು, ಎಸೆದ್ರು. ಉಳಿದಿದ್ದು ಬಾಲ್‌ಪೆನ್ನಲ್ಲಿ ಬರೆದ ಸಿಡಿ. 2003ರ ಒಂದು ಮಾಮೂಲಿ ಮನೆಯ ಮದುವೆ ಹೆಂಗಿತ್ತು, ಯಾರು ಏನು ಉಟ್ಟಿದ್ರು, ಯಾವ ಹಾಡು ಹೇಳಿದ್ರು ಅನ್ನೋಕೆ ಬೇರೆ ದಾಖಲೆ ಇಲ್ಲ.

(6)

ಆ ಕಾಲ ಮುಗಿದಿದ್ದೂ ಬೇಗ. ಡಿವಿಡಿ ರೈಟರ್ ಅಗ್ಗ ಆಯ್ತು, 720×576 ಚುಕ್ಕೆ, ವಿಸಿಡಿಯ ನಾಲ್ಕು ಪಟ್ಟು ಚಿತ್ರ. ಆದ್ರೆ ಡಿವಿಡಿ-ಆರ್ ಬೇರೆ, ಡಿವಿಡಿ ಪ್ಲಸ್ ಆರ್ ಬೇರೆ ಅಂತ ಕಂಪನಿಗಳ ಜಗಳ, ಯಾವುದು ಯಾವ ಪ್ಲೇಯರಲ್ಲಿ ಓಡುತ್ತೆ ಅಂತ ಜನಕ್ಕೆ ತಲೆನೋವು. ಆಮೇಲೆ ಡಿವ್‌ಎಕ್ಸ್ ಫೈಲನ್ನೇ ಓದೋ ಪ್ಲೇಯರ್, ಅದರ ಹಿಂದೆಯೇ ಪೆನ್‌ಡ್ರೈವ್ ಚುಚ್ಚೋ ತೂತು. ಅಲ್ಲಿಗೆ ರೈಟ್ ಮಾಡೋ ಕೆಲಸವೇ ಇಲ್ಲ. ನಮ್ಮ ದೇಶದ ಮೋಸರ್ ಬೇಯರ್ ಒಂದು ಕಾಲಕ್ಕೆ ಪ್ರಪಂಚದ ದೊಡ್ಡ ಖಾಲಿ ಡಿಸ್ಕ್ ತಯಾರಕರಲ್ಲಿ ಒಂದು. ಸಿನಿಮಾ ವಿಸಿಡಿಗಳನ್ನ 28 ರೂಪಾಯಿಗೆ ಮಾರಿ ಪೈರಸಿ ಜೊತೆ ರೇಟಲ್ಲೇ ಗುದ್ದಾಡಿದ ಕಂಪನಿ ಅದು. 2018ರಲ್ಲಿ ಅದನ್ನ ಮುಚ್ಚಿ ಆಸ್ತಿ ಮಾರೋಕೆ ಆದೇಶ ಆಯ್ತು.

ಸರಿ, ಹಾಡು. ನಮ್ಮ ಸಿಡೀನ ಮೂರು ಬೇರೆ ಬೇರೆ ಡ್ರೈವಲ್ಲಿ ಹಾಕಿ ನೋಡಿದೆ, ಒಂದು ಡ್ರೈವ್ ಓದದ್ದನ್ನ ಇನ್ನೊಂದು ಓದೋದು ಉಂಟು. ಐಸೊಬಸ್ಟರ್ ಅನ್ನೋ ಸಾಫ್ಟ್‌ವೇರಲ್ಲೂ ಎಳೆದೆ, ವಿಂಡೋಸ್ ಥರ ಒಂದು ತಪ್ಪಿಗೇ ಕೈ ಚೆಲ್ಲಲ್ಲ ಅದು. 22ನೇ ನಿಮಿಷ ದಾಟ್ಲಿಲ್ಲ.

ಆಗ ಅಮ್ಮನಿಗೆ ನೆನಪಾಯ್ತು, ಮಾವ ಆರು ಸೆಟ್ ಮಾಡಿದ್ರಲ್ಲ! ಎಲ್ಲರಿಗೂ ಫೋನ್. ಎರಡು ಕಡೆ ಗುಜರಿಗೆ ಹೋಗಿತ್ತು, ಒಂದು ಕಡೆ ಮಕ್ಕಳು ಬಿಸಿ ಪಾತ್ರೆ ಇಡೋಕೆ ಬಳಸಿದ್ರು, ಮಾವನ ಮನೇದು ಮನೆ ಬದಲಾಯಿಸ್ವಾಗ ಕಳೆದಿತ್ತು. ಹಾಸನದ ದೊಡ್ಡಮ್ಮನ ಮನೇಲಿ ಮಾತ್ರ ಟ್ರಂಕಲ್ಲಿ, ರೇಷ್ಮೆ ಸೀರೆ ಮಡಿಕೆ ಒಳಗೆ, ಮೂರೂ ಇದ್ವು. ಮಾವ ಮೊದಲು ಮಾಡಿದ ಸೆಟ್ ಅದು, ಬೇರೆ ಕಂಪನಿ ಡಿಸ್ಕ್, ಕೆಳಗಡೆ ತಿಳಿ ಚಿನ್ನದ ಬಣ್ಣ. ಹೆಸರು ಬರೆದಿದ್ದು ಸಿಡಿ ಮೇಲಲ್ಲ, ಕವರ್ ಮೇಲೆ.

ಅದರೊಳಗೆ ಎಂಪೆಗ್‌ಎವಿ ಅಂತ ಒಂದು ಫೋಲ್ಡರ್, ಅಲ್ಲಿ ಡಾಟ್ ಫೈಲ್. ನಿಮ್ಮ ಮನೇಲೂ ಇಂಥದ್ದು ಸಿಕ್ಕಿದ್ರೆ ಗಾಬರಿ ಆಗ್ಬೇಡಿ, ವಿಎಲ್‌ಸೀಲಿ ಹಾಕಿ, ಓಡುತ್ತೆ. ಕಾಪಿ ಆಗೋಕೆ ಹನ್ನೊಂದು ನಿಮಿಷ. 22 ದಾಟ್ತು. 23.

352×288 ಅಂದ್ರೆ ಈಗಿನ ಫೋನ್ ಪರದೇಲಿ ಹೆಬ್ಬೆರಳಿನಷ್ಟು ಚಿತ್ರ. ದೊಡ್ಡದು ಮಾಡಿದ್ರೆ ಮುಖವೆಲ್ಲ ಮಸಕು. ಆದ್ರೆ ದನಿ ಸ್ಪಷ್ಟವಾಗಿದೆ. ನಾನು ಅಂದ್ಕೊಂಡಿದ್ದಕ್ಕಿಂತ ಗಡಸು ದನಿ, ಸ್ವಲ್ಪ ಮೂಗಿನಿಂದ ಬರುತ್ತೆ. ಎರಡು ನುಡಿ ಆದ್ಮೇಲೆ ಅಜ್ಜಿ ಹಾಡು ನಿಲ್ಲಿಸಿ ಕ್ಯಾಮೆರಾ ಕಡೆ ತಿರುಗಿ, "ಆ ಲೈಟು ಕಣ್ಣಿಗೆ ಹೊಡೀತದೆ, ಆ ಕಡೆ ತಿರುಗ್ಸಪ್ಪ" ಅಂತಾರೆ. ಲೈಟು ಪಕ್ಕಕ್ಕೆ ಸರಿಯುತ್ತೆ. ಬಿಟ್ಟ ಜಾಗದಿಂದಲೇ ಮತ್ತೆ ಹಾಡು.

ಅಮ್ಮ ಹಾಡನ್ನ ಒಂದೇ ಸಲ ಕೇಳಿದ್ರು. ಲೈಟಿನ ಜಾಗವನ್ನ ಮೂರು ಸಲ ಹಿಂದೆ ಹಾಕಿಸಿದ್ರು.