ಚೀಟಿಯಲ್ಲಿ ಬರೆಯದ ಬೆಲೆ

1771ರ ಜುಲೈ 31ರಂದು ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಒಂದು ದೊಡ್ಡ ಹರಾಜು ಆರಂಭವಾಯಿತು. ಗೆರಿಟ್ ಬ್ರಾಮ್‌ಕಾಂಪ್ ಎಂಬ ವರ್ತಕ ತನ್ನ ಜೀವಮಾನದುದ್ದಕ್ಕೂ ಕೂಡಿಟ್ಟಿದ್ದ ಚಿತ್ರಗಳು ಅವನ ಮರಣಾನಂತರ ಬಿಕರಿಗೆ ಬಂದಿದ್ದವು. ಕೊಳ್ಳುವವರ ಪೈಕಿ ರಷ್ಯದ ಮಹಾರಾಣಿ ಎರಡನೆಯ ಕ್ಯಾಥರೀನಳೂ ಇದ್ದಳು. ಅವಳು ಖುದ್ದಾಗಿ ಬಂದಿರಲಿಲ್ಲ. ಹೇಗ್ ನಗರದಲ್ಲಿದ್ದ ಅವಳ ರಾಯಭಾರಿ ರಾಜಕುಮಾರ ಗೊಲಿತ್ಸಿನ್ ಅವಳ ಪರವಾಗಿ ಕೊಳ್ಳುವ ವ್ಯವಸ್ಥೆ ಮಾಡಿದ್ದ. ಒಂದು ಸಾರಿ, ಎರಡು ಸಾರಿ, ಮೂರು ಸಾರಿ ಎಂದು ಕೂಗು ಮುಗಿಯುವಷ್ಟರಲ್ಲಿ ಡಚ್ ಚಿತ್ರಕಲೆಯ ಕೆಲವು ಶ್ರೇಷ್ಠ ಕೃತಿಗಳು, ಅವುಗಳಲ್ಲಿ ಗೆರಾರ್ಡ್ ಡೌ ಬರೆದ ಮೂರು ಮಡಿಕೆಯ ಪ್ರಸಿದ್ಧ ಚಿತ್ರವೂ ಸೇರಿ, ಸೇಂಟ್ ಪೀಟರ್ಸ್‌ಬರ್ಗಿನ ಅರಮನೆಯ ಪಾಲಾದವು. ಇನ್ನು ಉಳಿದದ್ದು ಸಾಗಣೆ ಮಾತ್ರ.

ಆ ‘ಮಾತ್ರ’ ಎಂಬ ಪದದಲ್ಲಿಯೇ ಸಂಗ್ರಾಹಕರ ಎಲ್ಲ ಸಂಕಟಗಳೂ ಅಡಗಿವೆ. ಇಂದು ಗಣಕಯಂತ್ರದ ಮುಂದೆ ಕುಳಿತು ನಡುರಾತ್ರಿಯಲ್ಲಿ ಸಾವಿರಾರು ಮೈಲಿ ದೂರದ ಹರಾಜಿನಲ್ಲಿ ಬೆಲೆ ಕೂಗುವವರಿಗೂ ಇದು ಗೊತ್ತು. ಗೆಲ್ಲುವುದಕ್ಕೆ ಒಂದು ಕ್ಷಣ ಸಾಕು. ಗೆದ್ದದ್ದು ಮನೆಯ ಬಾಗಿಲಿಗೆ ಬರುವವರೆಗೆ ಅದು ನಮ್ಮದೂ ಅಲ್ಲ, ಮಾರಿದವನದೂ ಅಲ್ಲ.

ಮಹಾರಾಣಿಯ ಚಿತ್ರಗಳನ್ನು ‘ಫ್ರಾವ್ ಮರಿಯಾ’ ಎಂಬ ಎರಡು ಕೂವೆಮರದ ಸರಕಿನ ಹಡಗಿಗೆ ಏರಿಸಲಾಯಿತು. ಕಪ್ತಾನ ರೈನೌಡ್ ಲೊರೆಂಟ್ಸ್. 1771ರ ಸೆಪ್ಟೆಂಬರ್ 5ರಂದು ಹಡಗು ಆಮ್‌ಸ್ಟರ್‌ಡ್ಯಾಮ್ ಬಿಟ್ಟಿತು. ಅಕ್ಟೋಬರ್ 3ರಂದು, ಈಗಿನ ಫಿನ್ಲೆಂಡಿನ ನೈಋತ್ಯ ಕರಾವಳಿಯ ದ್ವೀಪಸಮೂಹದ ನಡುವೆ, ಅದು ಬಂಡೆಗೆ ಬಡಿಯಿತು. ನಾವಿಕರು ಬದುಕಿಕೊಂಡರು. ದ್ವೀಪದ ಜನರ ನೆರವಿನಿಂದ ಹಲವು ದಿನ ನೀರು ಮೊಗೆದರು, ಕೈಗೆ ಸಿಕ್ಕಷ್ಟು ಸರಕನ್ನು ದಡಕ್ಕೆ ಸಾಗಿಸಿದರು. ಅಕ್ಟೋಬರ್ 9ರಂದು ಹಡಗು ಮುಳುಗಿತು. ಆಗ ಆ ಸೀಮೆ ಸ್ವೀಡನ್ನಿನ ಆಳ್ವಿಕೆಯಲ್ಲಿತ್ತು. ಮಹಾರಾಣಿಯ ವಿದೇಶಾಂಗ ವ್ಯವಹಾರ ನೋಡುತ್ತಿದ್ದ ಕೌಂಟ್ ಪಾನಿನ್, ಹಡಗಿನಲ್ಲಿ ಅಮೂಲ್ಯ ಚಿತ್ರಗಳ ಪೆಟ್ಟಿಗೆಗಳಿವೆ, ಹುಡುಕಿಸಿಕೊಡಿ ಎಂದು ಸ್ವೀಡನ್ನಿಗೆ ಪತ್ರ ಬರೆದ. ಹುಡುಕಿದರು, ಸಿಗಲಿಲ್ಲ.

ಈ ಕಥೆಯಲ್ಲಿ ನನ್ನನ್ನು ಬಹುವಾಗಿ ಕಾಡಿದ್ದು ಹಡಗು ಮುಳುಗಿದ ಸಂಗತಿಯಲ್ಲ, ಒಂದು ಲೆಕ್ಕದ ಪುಸ್ತಕ. ಬಾಲ್ಟಿಕ್ ಸಮುದ್ರವನ್ನು ಹೊಗುವ ಪ್ರತಿ ಹಡಗೂ ಅಂದು ಡೆನ್ಮಾರ್ಕಿನ ಎಲ್ಸಿನೋರ್ ಬಳಿಯ ಜಲಸಂಧಿಯಲ್ಲಿ ಸುಂಕ ಕಟ್ಟಬೇಕಿತ್ತು. 1857ರವರೆಗೂ ನಡೆದ ಈ ಸುಂಕದ ದಫ್ತರುಗಳು ಇಂದಿಗೂ ಉಳಿದಿವೆ. ‘ಫ್ರಾವ್ ಮರಿಯಾ’ದ ಹೆಸರೂ ಅಲ್ಲಿದೆ, ಅದು ಹೊತ್ತಿದ್ದ ಸಕ್ಕರೆ, ಬಣ್ಣದ ಸಾಮಗ್ರಿ ಮೊದಲಾದ ವ್ಯಾಪಾರದ ಸರಕೂ ಇದೆ. ಮಹಾರಾಣಿಯ ಚಿತ್ರಗಳು ಮಾತ್ರ ಇಲ್ಲ. ಸುಂಕ ತೆರಬೇಕಾದ ಸಕ್ಕರೆಗೆ ಚರಿತ್ರೆಯಲ್ಲಿ ದಾಖಲೆ ಸಿಕ್ಕಿತು. ಗೆರಾರ್ಡ್ ಡೌನ ಚಿತ್ರಕ್ಕೆ ಸಿಗಲಿಲ್ಲ. ಆ ಹಡಗಿನಲ್ಲಿ ಎಷ್ಟು ಚಿತ್ರಗಳಿದ್ದವು, ಯಾವುವು ಎಂಬುದನ್ನು ವಿದ್ವಾಂಸರು ಇಂದಿಗೂ ಹರಾಜಿನ ಪಟ್ಟಿಯನ್ನು ಮುಂದಿಟ್ಟುಕೊಂಡು ಊಹಿಸುತ್ತಿದ್ದಾರೆ.

ಈ ಲೆಕ್ಕದ ಪುಸ್ತಕ ನನಗೆ ನೆನಪಾದದ್ದು ಒಂದು ಸಣ್ಣ ವ್ಯವಹಾರದ ಸಂದರ್ಭದಲ್ಲಿ. ಇಂಗ್ಲೆಂಡಿನ ಒಬ್ಬ ವ್ಯಾಪಾರಿಯಿಂದ ಅಂತರ್ಜಾಲದ ಹರಾಜಿನಲ್ಲಿ ನಾನೊಂದು ಹಳೆಯ ಚಿತ್ರವನ್ನು 42 ಪೌಂಡಿಗೆ ಕೊಂಡಿದ್ದೆ. ಸಾಗಣೆಯ ವೆಚ್ಚ 27 ಪೌಂಡು. ಅವನು ವಿನಯದಿಂದಲೇ ಒಂದು ಪ್ರಶ್ನೆ ಕೇಳಿದ: “ಸುಂಕದ ಚೀಟಿಯಲ್ಲಿ ಉಡುಗೊರೆ ಎಂದು ಬರೆದು, ಬೆಲೆ 5 ಪೌಂಡು ಎಂದು ಹಾಕಲೇ? ಹಲವರು ಹಾಗೆಯೇ ಕೇಳುತ್ತಾರೆ.”

ನಾನು ಕೇಂದ್ರ ಸರ್ಕಾರದ ನೌಕರ. ಇಪ್ಪತ್ತು ವರ್ಷಗಳಿಂದ ಕಡತಗಳ ನಡುವೆ ಬದುಕಿದವನು. ಇನ್ನೊಬ್ಬರು ಬರೆದುಕೊಟ್ಟ ವಿವರ ನಿಜವೇ ಎಂದು ಪರಿಶೀಲಿಸುವುದೇ ನನ್ನ ಕಸುಬು. ಆದರೂ ಆ ರಾತ್ರಿ ಉತ್ತರ ಬರೆಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು ಎಂಬುದನ್ನು ಇಲ್ಲಿ ಮುಚ್ಚಿಡಬೇಕಾಗಿಲ್ಲ. ಕೊನೆಗೆ, ಕೊಂಡ ಬೆಲೆಯನ್ನೇ ಬರೆಯಿರಿ, ವಸ್ತು ಏನೆಂಬುದನ್ನೂ ಸ್ಪಷ್ಟವಾಗಿ ಬರೆಯಿರಿ ಎಂದು ತಿಳಿಸಿದೆ.

ನಾನು ಕೊಂಡದ್ದು ಸಾವನದುರ್ಗದ ಚಿತ್ರ. ಮೂರನೆಯ ಮೈಸೂರು ಯುದ್ಧದಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೇನೆಯೊಡನೆ ರಾಬರ್ಟ್ ಹೋಮ್ ಎಂಬ ಚಿತ್ರಕಾರನಿದ್ದ. ಆ ಸೇನೆ 1791ರ ಡಿಸೆಂಬರ್ 21ರಂದು ಸಾವನದುರ್ಗವನ್ನು ಹಿಡಿಯಿತು. ಹೋಮ್ ತಾನು ಕಂಡ ಬೆಟ್ಟಗಳನ್ನೂ ಕೋಟೆಗಳನ್ನೂ ಬರೆದುಕೊಂಡ. ಅವು ಹಡಗಿನಲ್ಲಿ ಲಂಡನ್ನಿಗೆ ಹೋಗಿ, ತಾಮ್ರದ ಫಲಕಗಳ ಮೇಲೆ ಕೊರೆಯಲ್ಪಟ್ಟು, 1794ರಲ್ಲಿ ಮೈಸೂರು ಸೀಮೆಯ ಆಯ್ದ ನೋಟಗಳೆಂಬ ಗ್ರಂಥವಾಗಿ ಪ್ರಕಟವಾದವು. ಅಂಥ ಗ್ರಂಥಗಳನ್ನು ಮುಂದಿನ ಕಾಲದ ವ್ಯಾಪಾರಿಗಳು ಬಿಚ್ಚಿ ಹಾಳೆಹಾಳೆಯಾಗಿ ಮಾರಿದರು. ಹಾಗೆ ಬಿಡಿಯಾದ ಒಂದು ಹಾಳೆ ನನ್ನದು. ನಮ್ಮ ತಂದೆಯವರು ಹುಟ್ಟಿ ಬೆಳೆದದ್ದು, ಮೇಷ್ಟರಾಗಿ ನಿವೃತ್ತರಾದದ್ದು ಎಲ್ಲ ಮಾಗಡಿಯ ಸುತ್ತಿನಲ್ಲಿ. ಅವರಿಗೆ ಆ ವರ್ಷ ಎಂಬತ್ತು ತುಂಬುವುದಿತ್ತು. ಮೊಣಕಾಲಿನ ನೋವಿನಿಂದ ಬೆಟ್ಟದ ಬುಡಕ್ಕೂ ಹೋಗಲಾರದ ಸ್ಥಿತಿ. ಅವರ ಮುಂದೆ ಬೆಟ್ಟವನ್ನೇ ತಂದಿಡಬೇಕೆಂಬ ಆಸೆ ನನ್ನದು.

ಈಗ ಇಂಥ ಒಂದು ಕಾಗದ ದೇಶದಿಂದ ದೇಶಕ್ಕೆ ಬರುವ ವ್ಯವಸ್ಥೆಯ ಹಿನ್ನೆಲೆಯನ್ನು ತುಸು ನೋಡಬೇಕು. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೂ ವಿದೇಶಕ್ಕೆ ಕಳಿಸುವ ಕಾಗದದ ದರ ಆಯಾ ದೇಶಗಳ ಪರಸ್ಪರ ಒಪ್ಪಂದವನ್ನೂ ಕಾಗದ ಹಾದುಹೋಗುವ ದಾರಿಯನ್ನೂ ಅವಲಂಬಿಸಿತ್ತು. 1874ರ ಅಕ್ಟೋಬರ್ 9ರಂದು ಬರ್ನ್ ನಗರದಲ್ಲಿ ಆದ ಒಡಂಬಡಿಕೆಯಿಂದ ಈ ಗೊಂದಲ ಕೊನೆಗೊಂಡು, ಮುಂದೆ ವಿಶ್ವ ಅಂಚೆ ಒಕ್ಕೂಟವೆಂದು ಹೆಸರಾದ ಸಂಸ್ಥೆ ಹುಟ್ಟಿತು. ‘ಫ್ರಾವ್ ಮರಿಯಾ’ ಮುಳುಗಿದ ತಾರೀಖೇ ಇದು ಎಂಬುದು ಬರಿಯ ಕಾಕತಾಳೀಯ. ಆದರೆ ಅಕ್ಟೋಬರ್ 9 ಬಂದಾಗ, ಎಲ್ಲರೂ ವಿಶ್ವ ಅಂಚೆ ದಿನವೆನ್ನುವ ಹೊತ್ತಿನಲ್ಲಿ, ನನಗೆ ಆ ಹಡಗು ನೆನಪಾಗುತ್ತದೆ. ಭಾರತ 1876ರಲ್ಲಿಯೇ ಒಕ್ಕೂಟವನ್ನು ಸೇರಿತು. ಬೆಲೆ ನಮೂದಿಸಿದ ಲಕೋಟೆಗಳ ಬಗ್ಗೆ 1878ರಲ್ಲಿ, ಪೊಟ್ಟಣಗಳ ಬಗ್ಗೆ 1880ರಲ್ಲಿ ಪ್ಯಾರಿಸ್ಸಿನಲ್ಲಿ ಒಪ್ಪಂದಗಳಾದವು. ಮೂಲ ತತ್ತ್ವ ಸರಳವಾಗಿತ್ತು: ಕಳಿಸುವ ದೇಶ ಅಂಚೆಚೀಟಿಯ ಹಣವನ್ನು ತಾನೇ ಇಟ್ಟುಕೊಳ್ಳಲಿ, ಬರುವ ಕಾಗದವನ್ನು ಪ್ರತಿ ದೇಶವೂ ಹಂಚಲಿ. ಒಂದು ಕಾಗದಕ್ಕೆ ಒಂದು ಉತ್ತರ ಬಂದೇ ಬರುತ್ತದೆ, ಲೆಕ್ಕ ಸರಿಹೋಗುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು.

ಆದರೆ ವ್ಯಾಪಾರಕ್ಕೆ ಉತ್ತರ ಬರುವುದಿಲ್ಲ, ಹಣ ಮಾತ್ರ ಹೋಗುತ್ತದೆ. ಒಂದು ದೇಶದಿಂದ ಟಪಾಲು ಹೆಚ್ಚು, ಇನ್ನೊಂದರಿಂದ ಕಡಿಮೆ ಎಂದಾದಾಗ ಹಂಚುವ ದೇಶಕ್ಕೆ ನಷ್ಟ. ಆದ್ದರಿಂದ 1969ರ ಟೋಕಿಯೋ ಸಮ್ಮೇಳನ, ಹಂಚುವ ದೇಶಕ್ಕೆ ಕಳಿಸುವ ದೇಶ ಶುಲ್ಕ ಕೊಡಬೇಕೆಂಬ ಪದ್ಧತಿಯನ್ನು ತಂದಿತು. 1995ರಲ್ಲಿ ಆರಂಭವಾದ ಇ-ಬೇ ಮತ್ತು ಅದರ ಹಿಂದೆ ಬಂದ ಅಂತರ್ಜಾಲದ ಪೇಟೆಗಳು ಸಣ್ಣ ಪೊಟ್ಟಣಗಳ ಮಹಾಪೂರವನ್ನೇ ಹರಿಸಿದ ಮೇಲೆ ಈ ಶುಲ್ಕದ ಜಗಳ ಎಷ್ಟು ಬೆಳೆಯಿತೆಂದರೆ, 2018ರಲ್ಲಿ ಅಮೆರಿಕ ಒಕ್ಕೂಟವನ್ನೇ ಬಿಡುವುದಾಗಿ ನೋಟಿಸು ಕೊಟ್ಟಿತು. 2019ರ ಸೆಪ್ಟೆಂಬರಿನಲ್ಲಿ ಜಿನೀವಾದಲ್ಲಿ ಸೇರಿದ ವಿಶೇಷ ಸಮ್ಮೇಳನದಲ್ಲಿ ದರಗಳ ಬಗ್ಗೆ ರಾಜಿಯಾಗಿ ಆ ವಿಪತ್ತು ತಪ್ಪಿತು. 42 ಪೌಂಡಿನ ಹಾಳೆಗೆ 27 ಪೌಂಡಿನ ಸಾಗಣೆ ಏಕೆ ಎಂದು ಗೊಣಗುವ ಮೊದಲು ಈ ಚರಿತ್ರೆಯನ್ನೂ ನೆನೆಯುವುದು ನ್ಯಾಯ.

ನನ್ನ ಪೊಟ್ಟಣ ಹತ್ತು ದಿನಗಳಲ್ಲಿ ಭಾರತವನ್ನು ಮುಟ್ಟಿತು. ಮುಂದಿನ ಐದು ವಾರ ಅದು ಒಂದೇ ಕಡೆ ಇತ್ತು. ಒಂದು ದಿನ ಪತ್ರ ಬಂದಿತು: ಖರೀದಿಯ ರಸೀದಿ, ಗುರುತಿನ ಚೀಟಿ, ವಸ್ತುವಿನ ವಿವರ ಒದಗಿಸಬೇಕು. ಎಲ್ಲವನ್ನೂ ಹೊತ್ತು ಹೋದೆ. ಸುಂಕದ ಪಟ್ಟಿಯ 97ನೆಯ ಅಧ್ಯಾಯ ಕಲಾಕೃತಿಗಳಿಗೂ ಸಂಗ್ರಾಹ್ಯ ವಸ್ತುಗಳಿಗೂ ಮೀಸಲು. ಅದರಲ್ಲಿ ಮೂಲ ಕೊರೆಚಿತ್ರಕ್ಕೆ ಒಂದು ಶೀರ್ಷಿಕೆ, ನೂರು ವರ್ಷ ಮೀರಿದ ಪ್ರಾಚೀನ ವಸ್ತುವಿಗೆ ಇನ್ನೊಂದು. ಅಧಿಕಾರಿ ಸಹಜವಾಗಿಯೇ ಕೇಳಿದರು: “ಇದು ಹಳೆಯದು ಎನ್ನುವುದಕ್ಕೆ ಪುರಾವೆ ಏನು ಸಾರ್?”

ಪುರಾವೆ ಹಾಳೆಯ ಅಡಿಯಲ್ಲಿಯೇ ಇತ್ತು. ಇಂಗ್ಲೆಂಡಿನಲ್ಲಿ ಹೋಗಾರ್ತ್ ಮೊದಲಾದ ಚಿತ್ರಕಾರರ ಒತ್ತಾಯದಿಂದ 1735ರಲ್ಲಿ ಒಂದು ಕಾಯಿದೆ ಜಾರಿಗೆ ಬಂದಿತ್ತು. ಕಳ್ಳಮುದ್ರಣದಿಂದ ರಕ್ಷಣೆ ಬೇಕಾದರೆ ಪ್ರತಿ ಕೊರೆಚಿತ್ರದ ಮೇಲೂ ಹಕ್ಕುದಾರನ ಹೆಸರನ್ನೂ ಪ್ರಕಟಣೆಯ ದಿನಾಂಕವನ್ನೂ ಮುದ್ರಿಸಬೇಕೆಂದು ಅದು ವಿಧಿಸಿತ್ತು. ಚಿತ್ರಕಾರರ ಹೊಟ್ಟೆಪಾಡಿಗಾಗಿ ಹುಟ್ಟಿದ ಆ ಸಣ್ಣ ಅಕ್ಷರಗಳ ಸಾಲು, ಎರಡು ಶತಮಾನಗಳಾಚೆ ಭಾರತದ ಒಂದು ಸರ್ಕಾರಿ ಮೇಜಿನ ಮುಂದೆ ನನಗೆ ಸಾಕ್ಷಿಯಾಗಿ ನಿಂತಿತು. ಅಧಿಕಾರಿ ಭೂತಗನ್ನಡಿ ತರಿಸಿ ಓದಿದರು, ಒಪ್ಪಿದರು. ನಾನು ಸುಂಕ ಕಟ್ಟಿದೆ. ಅವರ ಜಾಗದಲ್ಲಿ ನಾನಿದ್ದರೂ ಅದೇ ಪ್ರಶ್ನೆಯನ್ನು ಕೇಳುತ್ತಿದ್ದೆ.

ಒಳಗೆ ಬರುವ ದಾರಿ ಹೀಗೆ ನಿಧಾನದ್ದು. ಹೊರಗೆ ಹೋಗುವ ದಾರಿಯಂತೂ ಮುಚ್ಚಿಯೇ ಇದೆ. 1972ರ ಪ್ರಾಚ್ಯವಸ್ತುಗಳು ಮತ್ತು ಕಲಾನಿಧಿಗಳ ಕಾಯಿದೆಯ ಪ್ರಕಾರ, ನೂರು ವರ್ಷಕ್ಕೆ ಕಡಿಮೆಯಿಲ್ಲದ ಪ್ರಾಚ್ಯವಸ್ತುವನ್ನಾಗಲಿ, ಎಪ್ಪತ್ತೈದು ವರ್ಷ ದಾಟಿದ ಮೌಲಿಕ ಹಸ್ತಪ್ರತಿಯನ್ನಾಗಲಿ ಖಾಸಗಿ ವ್ಯಕ್ತಿಗಳು ದೇಶದಿಂದ ಹೊರಗೆ ಕಳಿಸುವಂತಿಲ್ಲ. ನಮ್ಮಿಂದ ಹೊರಟುಹೋದದ್ದರ ಲೆಕ್ಕ ಗೊತ್ತಿದ್ದವರಿಗೆ ಈ ಬಿಗಿತ ಅರ್ಥವಾಗುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಅದನ್ನು ಅಲಂಕರಿಸಿದ್ದ ಚಿನ್ನದ ಹುಲಿಮುಖಗಳಲ್ಲಿ ಒಂದು ಮಾರಾಟಕ್ಕೆ ಬಂದಾಗ, 2021ರಲ್ಲಿ ಬ್ರಿಟಿಷ್ ಸರ್ಕಾರ ಅದರ ಬೆಲೆಯನ್ನು 15 ಲಕ್ಷ ಪೌಂಡೆಂದು ಪ್ರಕಟಿಸಿ, ದೇಶದಿಂದ ಹೊರಗೆ ಹೋಗದಂತೆ ತಾತ್ಕಾಲಿಕ ತಡೆ ಹಾಕಿತು. ಕಾವೇರಿಯ ದಡದಿಂದ ಹೋಗುವಾಗ ಯಾವ ತಡೆಯೂ ಇಲ್ಲದ ವಸ್ತು ಥೇಮ್ಸ್ ದಡದಿಂದ ಹೊರಡಲು ಪರವಾನಗಿ ಬೇಡುತ್ತದೆ.

ಇತ್ತ ‘ಫ್ರಾವ್ ಮರಿಯಾ’ದ ಕಥೆಯೂ ಕಾಯಿದೆಯ ಬಾಗಿಲಿಗೇ ಬಂದು ನಿಂತಿತು. 1999ರ ಜೂನಿನಲ್ಲಿ ಫಿನ್ಲೆಂಡಿನ ಮುಳುಗುಗಾರರ ತಂಡವೊಂದು 41 ಮೀಟರ್ ಆಳದಲ್ಲಿ ಹಡಗನ್ನು ಪತ್ತೆಹಚ್ಚಿತು. ಮರ ಕೊರೆಯುವ ಕಡಲಹುಳು ಬಾಲ್ಟಿಕ್‌ನ ಸಪ್ಪೆನೀರಿನಲ್ಲಿ ಬದುಕುವುದಿಲ್ಲವಾದ್ದರಿಂದ ಹಡಗು ಹೆಚ್ಚು ಕೆಡದೆ ಉಳಿದಿತ್ತು. ಕಂಡುಹಿಡಿದವರು ಹಕ್ಕು ಕೇಳಿದರು. ಅಲ್ಲಿಯ ಕಾಯಿದೆಯೂ ನೂರು ವರ್ಷದ ಗಡಿಯನ್ನೇ ಹಾಕಿದೆ: ಮುಳುಗಿ ನೂರು ವರ್ಷ ಕಳೆದ ಹಡಗು ಸರ್ಕಾರದ್ದು. ನ್ಯಾಯಾಲಯಗಳು ಸರ್ಕಾರದ ಪರವಾಗಿ ತೀರ್ಪಿತ್ತವು. 2010ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಮುಳುಗುಗಾರರ ಅರ್ಜಿಯನ್ನು ಅಂಗೀಕರಿಸಲಿಲ್ಲ. ಚಿತ್ರಗಳು ಮೇಲೆ ಬಂದಿಲ್ಲ. ಡೌನ ಕೃತಿ ಹೇಗಿತ್ತೆಂದು ತಿಳಿಯಬೇಕಾದವರು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿ ಲಾಕ್ವಿ ಎಂಬಾತ ಮಾಡಿದ ನಕಲನ್ನು ನೋಡಬೇಕು. ಮೂಲ ಸಮುದ್ರದಲ್ಲಿ, ನಕಲು ಗೋಡೆಯ ಮೇಲೆ.

ನನ್ನ ಚಿತ್ರ ಕೊನೆಗೂ ಕೈಸೇರಿತು. ಕೊಳವೆಯೊಂದು ಎಲ್ಲಿಯೋ ಅಮುಕಿಹೋಗಿ ಹಾಳೆಯ ಬಲಭಾಗದಲ್ಲಿ ಮೇಲಿನಿಂದ ಕೆಳಗೆ ಒಂದು ಮಡಿಕೆ ಬಿದ್ದಿತ್ತು. ಯಾವ ದೇಶದಲ್ಲಿ, ಯಾರ ಕೈಯಲ್ಲಿ ಎಂದು ಹೇಳಲಾರೆ, ಪರಿಹಾರವನ್ನೂ ಕೇಳಲಿಲ್ಲ. 5 ಪೌಂಡೆಂದು ಬರೆಸಿದ್ದರೆ ಬೇಗ ಬರುತ್ತಿತ್ತೋ ಏನೋ ಎಂಬ ಯೋಚನೆ ಆ ಮಡಿಕೆಯನ್ನು ಕಂಡಾಗ ಒಮ್ಮೆ ಸುಳಿದದ್ದು ನಿಜ. ತಂದೆಯವರ ಹುಟ್ಟುಹಬ್ಬ ಆಗಲೇ ಕಳೆದು ಮೂರು ವಾರವಾಗಿತ್ತು.

ರಜೆ ಹಾಕಿ ಊರಿಗೆ ಹೋದೆ. ಅವರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. “ಬೆಟ್ಟ ಸರಿಯಾಗಿ ಬರ್ದಿದಾನೆ ಕಣೋ. ಆದ್ರೆ ನಮ್ ಬೆಟ್ಟ ಹೀಗೆ ಹೆದ್ರಿಸೋ ಹಾಗಿಲ್ಲ. ಹಿಡ್ಕೊಳ್ಳೋಕೆ ಬಂದೋನಿಗೆ ಹಾಗೆ ಕಂಡಿರ್ಬೇಕು,” ಎಂದರು. ಮಡಿಕೆಯ ಮೇಲೆ ಬೆರಳಾಡಿಸಿ, ಇದೇನು ಎಂದು ಕೇಳಿದರು. ದಾರಿಯಲ್ಲಿ ಆದದ್ದು ಎಂದೆ. “ಇರ್ಲಿ ಬಿಡು. ಹೋಗೋವಾಗ ಹಡಗಲ್ಲಿ ಹೋಯ್ತು, ಬರೋವಾಗ ಟಪಾಲಲ್ಲಿ ಬಂತು. ಇಷ್ಟಾದ್ರೂ ಆಗ್ದೇ ಇರುತ್ಯೆ?”

ಆಮೇಲೆ ಅವರು ಕೊಳವೆಗೆ ಅಂಟಿದ್ದ ಸುಂಕದ ಚೀಟಿಯನ್ನು ನೀರು ಹಚ್ಚಿ ನಿಧಾನವಾಗಿ ಬಿಡಿಸಿದರು. ಮಾರಿದವನ ಕೈಬರಹದಲ್ಲಿ ಒಂದು ಹಳೆಯ ಚಿತ್ರ, ‘ಸಾವೆನ್‌ಡ್ರೂಗ್’, ಮೈಸೂರು, 42 ಪೌಂಡು ಎಂದಿತ್ತು. ಆ ಹೆಸರನ್ನು ಗಟ್ಟಿಯಾಗಿ ಓದಿ ನಕ್ಕರು. ಚೌಕಟ್ಟು ಹಾಕಿಸುವಾಗ ಚೀಟಿಯನ್ನು ಹಿಂಭಾಗಕ್ಕೆ ಅಂಟಿಸಬೇಕೆಂದು ಹಟ ಹಿಡಿದರು. ಅದೀಗ ಅಲ್ಲಿಯೇ ಇದೆ. ನಮ್ಮ ನಂತರ ಆ ಗೋಡೆಯಿಂದ ಚಿತ್ರವನ್ನು ಇಳಿಸುವವರಿಗೆ ಅದು ಏನು, ಎಲ್ಲಿಂದ ಬಂತು, ಏನು ಕೊಟ್ಟು ತಂದರು ಎಂಬುದನ್ನು ಊಹಿಸಬೇಕಾದ ಪ್ರಸಂಗ ಬರುವುದಿಲ್ಲ.